ಮುಂದೂಡಿದ ಗ್ರಾಮಸಭೆ

ಜ್ಯೋತ್ಸ್ನಾ ನನ್ನನ್ನು ಸರಿಯಾಗಿ ನೋಡಿದ್ದು ನನ್ನ ಹಣೆ ಒಡೆದ ಮೇಲೆ. ಅದಕ್ಕೆ ಮೊದಲು ಅವಳ ಕಣ್ಣಿದ್ದದ್ದು ನನ್ನ ಹಿಂದೆ ಕೂತಿದ್ದವನ ಮೇಲೆ. ಕಲ್ಲು ಎಸೆದದ್ದೂ ಅವನಿಗೇ. ನಡುವೆ ನಾನು ಎದ್ದು ನಿಂತೆ, ಅಷ್ಟೇ.

ಯಾಕೆ ಎದ್ದು ನಿಂತೆ ಎಂದು ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ನಾನು ದನದ ಡಾಕ್ಟರು. ಮೂಡುಬಿದಿರೆಯಿಂದ ವರ್ಗವಾಗಿ ಬಂದವನಿಗೆ ಬಾಡಿಗೆ ಮನೆಯ ಗ್ಯಾಸ್ ಕನೆಕ್ಷನ್ ಇನ್ನೂ ಸಿಕ್ಕಿರಲಿಲ್ಲ. ಅಷ್ಟರಲ್ಲೇ ಪೊಳಲಿ ಹತ್ತಿರದ ಒಂದು ಪಂಚಾಯತಿನ ಗ್ರಾಮಸಭೆಗೆ ನೋಡಲ್ ಅಧಿಕಾರಿ ಎಂದು ನನ್ನ ಹೆಸರು ಹಾಕಿದರು. ಗ್ರಾಮಸಭೆ ನಡೆಸಲು ಯಾವುದಾದರೂ ಇಲಾಖೆಯ ಒಬ್ಬ ಅಧಿಕಾರಿ ಬೇಕು. ಯಾವ ಇಲಾಖೆ ಎಂದು ಯಾರೂ ಕೇಳುವುದಿಲ್ಲ. ರಸ್ತೆ, ನೀರು, ದಾರಿದೀಪ ಎಂದು ಊರಿಗೆ ಬಂದ ಸಿಟ್ಟನ್ನೆಲ್ಲ ಒಂದು ದಿನದ ಮಟ್ಟಿಗೆ ಕೇಳಿಸಿಕೊಂಡು, ಕೊನೆಗೆ ಸಹಿ ಹಾಕಿ ಹೋಗುವುದು ಅವನ ಕೆಲಸ.

ಆ ದಿನದ ಸಿಟ್ಟು ಕಪ್ಪುಕಲ್ಲಿನ ಕೋರೆಯದ್ದು. ಮನೆಗಳ ಬೆನ್ನಿಗೇ ಗುಡ್ಡ ಸಿಡಿಸುತ್ತಿದ್ದರು. ದಿನಾ ಮಧ್ಯಾಹ್ನ ಸೈರನ್ ಆಗುತ್ತಿತ್ತು, ಆಮೇಲೆ ಸ್ಫೋಟ, ಆಮೇಲೆ ಹೆಂಚಿನ ಮೇಲೆ ಕಲ್ಲು. ಕೋರೆಯ ಪರವಾನಗಿ ಮುಂದಿನ ತಿಂಗಳು ನವೀಕರಣ ಆಗಬೇಕಿತ್ತು. ಅದಕ್ಕೆ ಮೊದಲು ಗ್ರಾಮಸಭೆ ವಿರೋಧ ನಿರ್ಣಯ ಮಾಡಿ ದಾಖಲಿಸಿದರೆ ನವೀಕರಣಕ್ಕೆ ತಡೆ ಬೀಳುತ್ತಿತ್ತು. ಕೋರೆಯ ಮಾಲೀಕ ನಿತ್ಯಾನಂದ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ವೇದಿಕೆಯ ಮೇಲೆ ನನ್ನ ಹಿಂದೆಯೇ ಕೂತಿದ್ದ. ಅವನನ್ನು ಅಲ್ಲಿ ಕೂರಿಸಿದ್ದು ಯಾರು ಎಂದು ನಾನು ಕೇಳಲಿಲ್ಲ, ಕೇಳಬೇಕಿತ್ತು.

ಜ್ಯೋತ್ಸ್ನಾ ಮೈಕ್ ಹಿಡಿದು, ಚೀಲದಿಂದ ಮುಷ್ಟಿಗಾತ್ರದ ಒಂದು ಕಲ್ಲು ತೆಗೆದು ಎತ್ತಿ ತೋರಿಸಿದಳು.

"ಇದು ನಿನ್ನೆ ನಮ್ಮ ಹೆಂಚು ಒಡೆದು ಅಮ್ಮ ಮಲಗುವ ಮಂಚಕ್ಕೆ ಬಿದ್ದದ್ದು. ಅಮ್ಮ ಆಗ ತಾನೇ ಎದ್ದು ಹಟ್ಟಿಗೆ ಹೋಗಿದ್ರು. ಇಲ್ಲದಿದ್ರೆ ನಾನು ಇವತ್ತು ಸಭೆಗೆ ಬರ್ತಿರಲಿಲ್ಲ, ಅವರ ಬೊಜ್ಜಕ್ಕೆ, ಉತ್ತರಕ್ರಿಯೆಯ ಊಟಕ್ಕೆ ಜನ ಕರೀತಿದ್ದೆ."

ನಿತ್ಯಾನಂದ ಕೂತಲ್ಲಿಂದಲೇ ನಕ್ಕ. "ಮದುವೆ ಆಗದೆ ಮನೆಯಲ್ಲಿ ಕೂತ ಹುಡುಗಿ. ಹೊತ್ತು ಹೋಗ್ಲಿಕ್ಕೆ ಎಂತಾದ್ರೂ ಬೇಕಲ್ಲ ಪಾಪ. ಕಲ್ಲು ತೋಟದಿಂದ ಹೆಕ್ಕಿ ತಂದಿರ್ಬೇಕು."

ನಾನು "ಹಾಗೆಲ್ಲ ಮಾತಾಡ್ಬಾರ್ದು" ಎಂದು ಹೇಳಲು ಎದ್ದೆ. ಮಾತು ಮುಗಿಯಲಿಲ್ಲ. ಕಣ್ಣಿನ ತುಂಬ ಬಿಸಿ ಬಿಸಿ ರಕ್ತ ಇಳಿಯಿತು.

ಆಮೇಲೆ ಕುರ್ಚಿಗಳು ಹಾರಿದವು. ನಿತ್ಯಾನಂದನ ಜನ ಎಲ್ಲಿದ್ದರೋ, ಒಮ್ಮೆಲೇ ಒಳಗೆ ನುಗ್ಗಿದರು. ಯಾಕೂಬಾಕ ಎಂದು ಊರೆಲ್ಲ ಕರೆಯುವ ಮುದುಕನನ್ನು ಅಂಗಿ ಹಿಡಿದು ಎಳೆದು ಗೋಡೆಗೆ ಬಡಿದರು. ಅವರ ಬಾಯಿಂದ ಹಲ್ಲೊಂದು ನೆಲಕ್ಕೆ ಬಿತ್ತು. ಹೆಂಗಸರು ಕಿಟಕಿಯ ಕಡೆಗೆ ಓಡಿದರು. ನಾನು ತಡಕಾಡಿ ಮೈಕ್ ಹಿಡಿದು, "ಸಭೆ ಮುಂದೂಡಲಾಗಿದೆ" ಎಂದೆ.

ಹೊಡೆದಾಟ ಅಲ್ಲಿಗೇ ನಿಂತಿತು. ನಿತ್ಯಾನಂದ ಎದ್ದು ನನಗೆ ಕೈ ಮುಗಿದು, "ಉಪಕಾರ ಆಯ್ತು ಡಾಕ್ಟ್ರೆ," ಎಂದ. ಸಭೆ ನಿಲ್ಲುವುದೇ ಅವನಿಗೆ ಬೇಕಾಗಿತ್ತು ಎಂದು ನನ್ನ ಒಡೆದ ತಲೆಗೆ ಆಗ ಹೊಳೆಯಿತು.

ಜನರ ನಡುವಿನಿಂದ ಅವಳು ಬಂದು ತನ್ನ ಶಾಲನ್ನು ನನ್ನ ಹಣೆಗೆ ಒತ್ತಿ ಹಿಡಿದಳು. ಮುಖದಲ್ಲಿ ಇನ್ನೂ ಸಿಟ್ಟಿತ್ತು. "ನಿಮಗೆ ಏಳ್ಲಿಕ್ಕೆ ಯಾರು ಹೇಳಿದ್ದು?" ಎಂದು ನನ್ನನ್ನೇ ಬೈದಳು. ಅಷ್ಟು ಹತ್ತಿರದಿಂದ ನನ್ನನ್ನು ಯಾರೂ ಬೈದಿರಲಿಲ್ಲ.

*

ಪೊಲೀಸರು ಕೇಳಿದಾಗ ಮೈಕಿನ ಸ್ಟ್ಯಾಂಡ್ ತಾಗಿತು ಎಂದು ಬರೆಸಿದೆ. ಕೆಲಸದ ಮೇಲಿದ್ದ ಅಧಿಕಾರಿಯ ಮೇಲೆ ಹಲ್ಲೆ ಎಂದರೆ ಅವಳು ಒಳಗೆ ಹೋಗುತ್ತಿದ್ದಳು. ಎರಡು ದಿನ ಕಳೆದು ಅವಳು ಆಸ್ಪತ್ರೆಗೆ ಬಂದಳು, ನನ್ನ ದನದ ಆಸ್ಪತ್ರೆಗೆ. ಟ್ರ್ಯಾಕ್ ಪ್ಯಾಂಟ್, ಕತ್ತಿನಲ್ಲಿ ವಿಸಿಲ್. ಮೆಲ್ಕಾರಿನ ಶಾಲೆಯಲ್ಲಿ ಪಿಟಿ ಟೀಚರ್ ಎಂದು ಅಷ್ಟರಲ್ಲಿ ನಾನು ವಿಚಾರಿಸಿ ಇಟ್ಟುಕೊಂಡಿದ್ದೆ.

"ನಾನು ಜ್ಯೋತ್ಸ್ನಾ."

"ಗೊತ್ತುಂಟು." ನಾನು ಬ್ಯಾಂಡೇಜ್ ಮುಟ್ಟಿ ತೋರಿಸಿದೆ.

"ಸ್ಟ್ಯಾಂಡ್ ತಾಗಿದ್ದು ಅಂತ ಬರೆಸಿದ್ರಂತೆ. ಯಾಕೆ? ನಾನು ಯೂನಿವರ್ಸಿಟಿ ಟೀಮಿನಲ್ಲಿ ತ್ರೋಬಾಲ್ ಆಡಿದವಳು ಮಾರಾಯ್ರೆ. ನನ್ನ ಏಟನ್ನು ಸ್ಟ್ಯಾಂಡಿನ ಹೆಸರಿಗೆ ಯಾಕೆ ಬರೆಸ್ತೀರಿ?"

"ಗುರಿ ತಪ್ಪಿತಲ್ಲ. ಟೀಮಿಗೆ ಮರ್ಯಾದೆ ಹೋಗ್ತದೆ ಅಂತ."

ಅವಳಿಗೆ ನಗು ಬಂತು. ತುಟಿ ಕಚ್ಚಿ ತಡೆದಳು. ಆ ತಡೆದ ನಗುವನ್ನು ನೋಡುತ್ತ ನಾನು ಕೈಯಲ್ಲಿದ್ದ ಸಿರಿಂಜ್ ಎಲ್ಲಿಡಬೇಕೆಂದು ಮರೆತೆ. ಆ ದಿನ ಸಭೆಯಿಂದ ನಾನು ಎತ್ತಿಕೊಂಡು ಬಂದಿದ್ದ ಅವಳ ಕಲ್ಲು ಮೇಜಿನಲ್ಲಿ ಕಾಗದಗಳ ಮೇಲೆ ಕೂತಿತ್ತು. ಅದನ್ನು ನೋಡಿದವಳೇ ಬೆಂಚಿನ ಮೇಲೆ ಕುಸಿದಳು.

"ನಾನು ಹೊಡೆದದ್ದರಿಂದ ಸಭೆ ನಿಂತದ್ದು ಅಲ್ವಾ?"

"ನೀವು ಹೊಡೆದ್ರಿ, ನಾನು ನಿಲ್ಲಿಸಿದೆ. ಇಬ್ಬರೂ ಸೇರಿ ನಿತ್ಯಾನಂದನ ಕೆಲಸ ಮಾಡಿಕೊಟ್ಟೆವು. ಬರುವ ಶನಿವಾರ ಮತ್ತೆ ಕರೆದಿದ್ದಾರೆ. ಆ ದಿನವೂ ನಿಂತ್ರೆ ನವೀಕರಣಕ್ಕೆ ಮೊದಲು ಇನ್ನು ಸಭೆ ಇಲ್ಲ."

ಅವಳು ಎದ್ದು ಬಾಗಿಲವರೆಗೆ ಹೋಗಿ ತಿರುಗಿ ನಿಂತಳು. ಸಣ್ಣ ಸ್ವರದಲ್ಲಿ, "ನಮ್ಮ ಗಬ್ಬದ ದನ ಮೇವು ಮುಟ್ಟುವುದಿಲ್ಲ. ಒಮ್ಮೆ ಬರ್ತೀರಾ?" ಎಂದಳು. ಕರೆದದ್ದು ದನಕ್ಕೇ ಆದರೂ ನಾನು ತಲೆ ಬಾಚಿಕೊಂಡು ಹೋದೆ.

*

ಅವಳ ಅಮ್ಮ ವಿನೋದಕ್ಕ ಹಟ್ಟಿಯ ಬಾಗಿಲಲ್ಲಿ ನಿಂತು ನನ್ನ ಹಣೆ ನೋಡಿ, "ಇವಳೇ ಅಲ್ವಾ ಮಾಡಿದ್ದು," ಎಂದು ಕೆನ್ನೆಗೆ ಕೈ ಇಟ್ಟುಕೊಂಡರು. ನಾನು ದನದ ಹೊಟ್ಟೆ ಮುಟ್ಟಿ ನೋಡುತ್ತಿದ್ದೆ. ದಿನ ತುಂಬಿತ್ತು, ಕರು ಚೆನ್ನಾಗಿ ಆಡುತ್ತಿತ್ತು. ಜ್ಯೋತ್ಸ್ನಾ ಹಗ್ಗ ಹಿಡಿದು, ದನದ ಕತ್ತಿನ ಆ ಕಡೆಯಿಂದ ನನ್ನನ್ನು ನೋಡುವುದು, ನಾನು ನೋಡಿದರೆ ದನವನ್ನು ನೋಡುವುದು ಮಾಡುತ್ತಿದ್ದಳು.

ಸೈರನ್ ಆಯಿತು.

"ಒಳಗೆ ಬನ್ನಿ," ಎಂದು ಅವಳು ನನ್ನ ಕೈ ಎಳೆಯುವಷ್ಟರಲ್ಲಿ ನೆಲ ಅದುರಿತು. ನಾನು ಅವಳನ್ನು ಗೋಡೆಯ ಬುಡಕ್ಕೆ ನೂಕಿ, ಅವಳ ತಲೆಯ ಮೇಲೆ ಕೈ ಮುಚ್ಚಿ ಬಗ್ಗಿದೆ. ಹಟ್ಟಿಯ ಶೀಟು ಹರಿದು ಕಲ್ಲುಗಳು ಬಿದ್ದವು. ಅವಳ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಹಾಗೆಯೇ ಇರಬೇಕೆಂದು ಅನಿಸಿದ್ದಕ್ಕೆ ನಾಚಿಕೆಯಾಗುವ ಮೊದಲೇ ದನ ಕೂಗಿತು.

ದೊಡ್ಡ ಕಲ್ಲೊಂದು ಬೆನ್ನುಮೂಳೆಗೇ ಬಿದ್ದಿತ್ತು. ಹಿಂಗಾಲು ಎರಡೂ ಸತ್ತುಹೋಗಿದ್ದವು. ಮೂಗಿನಲ್ಲಿ ರಕ್ತ. ನಾನು ಮಾಡಬಹುದಾದದ್ದು ಒಂದೇ ಇತ್ತು. ಹೊಟ್ಟೆ ಕೊಯ್ದು ಮೊಣಕೈವರೆಗೆ ಕೈ ಹಾಕಿದೆ. ಜ್ಯೋತ್ಸ್ನಾ ದನದ ತಲೆ ತೊಡೆಯ ಮೇಲಿಟ್ಟುಕೊಂಡು ತುಳುವಿನಲ್ಲಿ ಏನೋ ಸಮಾಧಾನ ಹೇಳುತ್ತಿದ್ದಳು. ಕರು ಹೊರಗೆ ಬಂದು ಸೀನಿತು. ದನ ಅದನ್ನು ನೆಕ್ಕಲು ನಾಲಿಗೆ ಚಾಚಿ, ಮುಟ್ಟದೆ ಸತ್ತಿತು.

ಬಾವಿಕಟ್ಟೆಯಲ್ಲಿ ಅವಳು ನನ್ನ ಕೈಗೆ ನೀರು ಹೊಯ್ದಳು. ಅವಳ ಬಟ್ಟೆ, ನನ್ನ ಬಟ್ಟೆ, ಕಟ್ಟೆ ಎಲ್ಲ ಕೆಂಪಾಗಿತ್ತು.

"ಅವನನ್ನು ಕೊಲ್ತೇನೆ," ಎಂದಳು. ಬಾಯಿಮಾತಿಗೆ ಹೇಳಿದ್ದಲ್ಲ.

"ನೀವು ಕಲ್ಲು ಎತ್ತಿದ್ರೆ ಸಾಕು, ಅವನು ಗೆದ್ದ."

"ಹಾಗಾದ್ರೆ ಎಂತ ಮಾಡುವ?"

"ಶನಿವಾರ ನೀವು ಯಾರಿಗೂ ಹೊಡೆಯುವುದಿಲ್ಲ. ನಾನು ಸಭೆ ನಿಲ್ಲಿಸುವುದಿಲ್ಲ."

"ನಿಮಗೆ ಹೊಡೆದ್ರೆ?"

"ಹೊಡೆದ್ರೂ."

ಅವಳು ಬಿಂದಿಗೆ ಕೆಳಗಿಟ್ಟು ನನ್ನ ಒದ್ದೆ ಕೈ ಹಿಡಿದಳು. "ನನಗೆ ಹೊಡೆದ್ರೆ ನೀವು ನಿಲ್ಲಿಸ್ಬಾರ್ದು. ಅದನ್ನೂ ಹೇಳಿ."

ನಾನು ಕೈ ಎಳೆದುಕೊಳ್ಳಲು ನೋಡಿದೆ. ಅವಳು ಕೈ ಬಿಡಲಿಲ್ಲ. ಕೊನೆಗೆ, "ನಿಲ್ಲಿಸುವುದಿಲ್ಲ," ಎಂದೆ. ಅಷ್ಟು ಕೆಟ್ಟ ಮಾತನ್ನು ನಾನು ಪ್ರೀತಿಸುವವಳಿಗೆ ಕೊಟ್ಟೆ. ಅವಳನ್ನು ಪ್ರೀತಿಸುತ್ತೇನೆ ಎಂದು ನನಗೆ ಗೊತ್ತಾದದ್ದೂ ಆಗಲೇ.

*

ಶನಿವಾರ ಪಂಚಾಯತ್ ಹಾಲ್ ತುಂಬಿತ್ತು. ಪೊಲೀಸರು ಬಿ.ಸಿ.ರೋಡಿನಿಂದ ಹೊರಟಿದ್ದೇವೆ ಎಂದು ಫೋನ್ ಮಾಡಿದ್ದರು. ನಾನು ಜ್ಯೋತ್ಸ್ನಾಳ ಕಲ್ಲನ್ನು ಸಾಕ್ಷಿಯೆಂದು ಮೇಜಿನ ಮೇಲಿಟ್ಟು, ಪಂಚಾಯತಿನ ಪಿಡಿಒ ಬರೆದುಕೊಟ್ಟ ನಿರ್ಣಯವನ್ನು ಓದಲು ಎದ್ದೆ. ನಿತ್ಯಾನಂದ ಈ ಸಲ ಒಳಗೆ ಬರಲಿಲ್ಲ. ಅವನ ಕೋರೆಯ ಸೂಪರ್‌ವೈಸರ್ ಧನರಾಜ್ ಬಂದ, ಕೈಯಲ್ಲಿ ಕಬ್ಬಿಣದ ಪೈಪ್, ಹಿಂದೆ ಅವನ ಹುಡುಗರು.

ಮೊದಲು ಮೈಕಿನ ವಯರ್ ಕಿತ್ತರು. ನಾನು ಸ್ವರ ಎತ್ತಿ ಓದಿದೆ. ಯಾಕೂಬಾಕ ಅಡ್ಡ ಬಂದರು. ಅವರ ಹೊಟ್ಟೆಗೆ ಒದ್ದು ಬೀಳಿಸಿದರು. ಧನರಾಜ್ ನನ್ನ ಎದುರು ಬಂದು ನಿಂತ.

"ಸಭೆ ಮುಂದೂಡಿದೆ ಅಂತ ಹೇಳಿ ಡಾಕ್ಟ್ರೆ. ಹೋದ ಸಲ ಚಂದ ಹೇಳಿದ್ರಲ್ಲ."

"ಸಭೆ ನಡೀತಾ ಉಂಟು. ಕೂತ್ಕೊಳ್ಳಿ."

ಪೈಪ್ ನನ್ನ ಬಲಗೈಗೆ ಬಿತ್ತು. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಕಾಗದ ಎಡಗೈಗೆ ತೆಗೆದುಕೊಂಡೆ. ಎರಡನೆಯದು ಪಕ್ಕೆಗೆ. ಮೊಣಕಾಲೂರಿ ಬಿದ್ದು, ಮೇಜು ಹಿಡಿದು ತಲೆ ಎತ್ತಿದಾಗ ಜ್ಯೋತ್ಸ್ನಾ ಕಂಡಳು. ಮೇಜಿನ ಮೇಲಿದ್ದ ಕಲ್ಲು ಅವಳ ಬಲಗೈಯಲ್ಲಿತ್ತು. ಭುಜ ಹಿಂದಕ್ಕೆ ಹೋಗಿತ್ತು. ಧನರಾಜನ ತಲೆ ಅವಳಿಂದ ಎರಡು ಮಾರು ದೂರ ಇರಲಿಲ್ಲ. ಈ ಸಲ ಗುರಿ ತಪ್ಪುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ನಾನು ಅವಳನ್ನು ನೋಡಿ ಬೇಡ ಎಂದು ತಲೆ ಆಡಿಸಿದೆ. ಅವಳ ಕಣ್ಣಲ್ಲಿ ನೀರು ತುಂಬಿತು. ಕಲ್ಲನ್ನು ಮೆಲ್ಲನೆ ಮೇಜಿನ ಮೇಲಿಟ್ಟಳು. ಇಟ್ಟು, ಮೇಜು ಸುತ್ತಿ ಬಂದು, ನನ್ನ ಮತ್ತು ಪೈಪಿನ ನಡುವೆ ನಿಂತಳು.

"ಹೋಗು ಆಚೆ," ಎಂದ ಧನರಾಜ್.

ಅವಳು ಅಲುಗಲಿಲ್ಲ. ಪೈಪ್ ಅವಳ ಎಡತೋಳಿಗೆ ಬಿತ್ತು. ಒಮ್ಮೆ, ಮತ್ತೊಮ್ಮೆ.

ಸಭೆ ಮುಂದೂಡಿದೆ ಎನ್ನುವ ಮಾತು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಊರೂ ಬೇಡ, ಕೋರೆ ಹೇಗಾದರೂ ಹಾಳಾಗಲಿ, ಅವಳಿಗೆ ಹೊಡೆಯುವುದು ನಿಂತರೆ ಸಾಕು ಎನಿಸಿತು. ಅವಳು ಹಿಂದೆ ತಿರುಗಿ ನೋಡಿದಳು. ನೋವಿಗೆ ಕಚ್ಚಿ ಹಿಡಿದ ತುಟಿ ಒಡೆದಿತ್ತು.

"ಓದಿ ಡಾಕ್ಟ್ರೆ," ಎಂದಳು.

ನಾನು ಓದಿದೆ. ಸ್ವರ ಒಡೆದು, ಅಳುತ್ತ, ಕೊನೆಯ ಸಾಲಿನವರೆಗೆ ಓದಿದೆ. "ಈ ನಿರ್ಣಯಕ್ಕೆ ಒಪ್ಪಿಗೆ ಇರುವವರು ಕೈ ಎತ್ತಿ."

ಜ್ಯೋತ್ಸ್ನಾಳ ಎಡಗೈ ಜೋತುಬಿದ್ದಿತ್ತು. ಕಲ್ಲು ಹಿಡಿದಿದ್ದ ಬಲಗೈಯನ್ನು ಮೇಲೆತ್ತಿದಳು. ನೆಲದ ಮೇಲೆ ಬಿದ್ದಿದ್ದ ಯಾಕೂಬಾಕ ಅಲ್ಲಿಂದಲೇ ಕೈ ಎತ್ತಿದರು. ಈ ಸಲವೂ ಕಿಟಕಿಗೆ ಓಡಿದ್ದ ಹೆಂಗಸರು ತಿರುಗಿ ನಿಂತು ಎತ್ತಿದರು. ವಿನೋದಕ್ಕ ಎರಡೂ ಕೈ ಎತ್ತಿ ಜೋರಾಗಿ ಅಳುತ್ತಿದ್ದರು. ಹಾಲಿನಲ್ಲಿ ಕೈ ಎತ್ತದೆ ಇದ್ದವರು ಧನರಾಜ್ ಮತ್ತು ಅವನ ಹುಡುಗರು ಮಾತ್ರ. ಧನರಾಜ್ ಸುತ್ತ ನೋಡಿದ. ಪೈಪ್ ಹಿಡಿದ ಕೈ ಕೆಳಗಾಯಿತು. ಅವನು ಬಾಗಿಲಿಗೆ ತಲುಪುವಾಗ ಹೊರಗೆ ಪೊಲೀಸರ ಜೀಪು ಬಂದು ನಿಂತಿತು. ಅವನನ್ನೂ ಹುಡುಗರನ್ನೂ ಅದಕ್ಕೇ ಹತ್ತಿಸಿದರು.

ಪಿಡಿಒ ನಿರ್ಣಯದ ಪುಸ್ತಕ ಚಾಚಿದರು. ನನ್ನ ಬಲಗೈ ಸಹಿಗೆ ಆಗುವಂತಿರಲಿಲ್ಲ. ಎಡಗೈ ಹೆಬ್ಬೆಟ್ಟು ಒತ್ತಿದೆ. "ಆಯ್ತಲ್ಲ, ಇನ್ನು ಆಸ್ಪತ್ರೆಗೆ ಹೋಗುವ," ಎಂದರು ಅವರು.

"ಸಭೆ ಮುಗಿದಿಲ್ಲ. ಇತರ ವಿಷಯಗಳು ಅಂತ ಒಂದು ಬಾಕಿ ಉಂಟು." ನಾನು ಜನರ ಕಡೆ ತಿರುಗಿದೆ. ಸರಿಯಾಗಿ ಮುಗಿಸದೆ ಬಿಟ್ಟರೆ ನಾಳೆ ನಿತ್ಯಾನಂದ ಅದನ್ನೇ ಹಿಡಿದುಕೊಳ್ಳುತ್ತಾನೆ ಎಂಬ ಭಯ ನನಗೆ. "ಇತರ ವಿಷಯ ಏನಾದ್ರೂ ಉಂಟಾ?"

"ಉಂಟು," ಎಂದಳು ಜ್ಯೋತ್ಸ್ನಾ. ಗೋಡೆಗೆ ಒರಗಿ ಕೂತಿದ್ದಳು, ತೋಳನ್ನು ಮಡಿಲಲ್ಲಿ ಇಟ್ಟುಕೊಂಡು. "ಈ ಡಾಕ್ಟ್ರ ಹಣೆ ಒಡೆದದ್ದು ಮೈಕಿನ ಸ್ಟ್ಯಾಂಡ್ ಅಂತ ಬರೆಸಿದ್ದಾರೆ. ಅದು ಸುಳ್ಳು. ಒಡೆದದ್ದು ನಾನು. ಇನ್ನೊಂದು, ಇವತ್ತಿನ ನಂತರ ಇವರಿಗೆ ಯಾರೂ ಹೊಡೆಯುವ ಹಾಗಿಲ್ಲ. ಹೊಡೆಯುವುದಿದ್ರೆ ನಾನೊಬ್ಬಳೇ. ಕಡೆವರೆಗೆ."

ವಿನೋದಕ್ಕ ಅಳು ನಿಲ್ಲಿಸಿ, "ಇವಳ ಬಾಯಿಯೇ," ಎಂದರು. ಯಾಕೂಬಾಕ ಹಲ್ಲಿಲ್ಲದ ಕಡೆಯಿಂದ ನಕ್ಕರು. "ಊರಿನವರ ಆಕ್ಷೇಪ ಇಲ್ಲ ಡಾಕ್ಟ್ರೆ. ನಿಮ್ಮದು ಉಂಟಾ?"

"ನನ್ನದೂ ಇಲ್ಲ," ಎಂದೆ. "ಸಭೆ ಮುಗಿಯಿತು."

*

ಯಾಕೂಬಾಕರ ಮಗ ರಿಝ್ವಾನ್ ನಮ್ಮಿಬ್ಬರನ್ನೂ ಓಮ್ನಿಯಲ್ಲಿ ಹಿಂದಿನ ಸೀಟಿಗೆ ಹತ್ತಿಸಿದ. ನನ್ನ ಎಡಗೈ, ಅವಳ ಬಲಗೈ ಮಾತ್ರ ಉಳಿದಿದ್ದವು. ಅವೆರಡೂ ಅಕ್ಕಪಕ್ಕದಲ್ಲೇ ಇದ್ದವು. ಗುಂಡಿ ಬಂದಾಗಲೆಲ್ಲ ಇಬ್ಬರೂ ಒಟ್ಟಿಗೆ ನರಳುತ್ತಿದ್ದೆವು.

"ನಾನು ಕಲ್ಲು ಇಟ್ಟು ನಡುವೆ ನಿಂತದ್ದಕ್ಕೆ ಸಿಟ್ಟು ಉಂಟಾ?" ಎಂದು ಕೇಳಿದಳು.

"ನಾನು ಓದಿದ್ದಕ್ಕೆ ನಿಮಗೆ ಉಂಟಾ?"

"ತುಂಬಾ ಉಂಟು," ಎಂದು ನನ್ನ ಬೆರಳು ಗಟ್ಟಿ ಹಿಡಿದಳು.

ಕೋರೆಯ ತಿರುವಿಗೆ ಬರುವಾಗ ಮಧ್ಯಾಹ್ನವಾಗಿತ್ತು, ಸಿಡಿಸುವ ಹೊತ್ತು. ಅಭ್ಯಾಸದಿಂದ ಅವಳು ನನ್ನ ಎದೆಗೆ ತಲೆ ಬಗ್ಗಿಸಿದಳು. ನಾನೂ ಅಭ್ಯಾಸದಿಂದಲೇ ಅವಳ ತಲೆಯ ಮೇಲೆ ಕೈ ಮುಚ್ಚಿದೆ. ಇಬ್ಬರೂ ಉಸಿರು ಹಿಡಿದು ಕಾದೆವು. ಸೈರನ್ ಆಗಲಿಲ್ಲ. ತಿರುವು ಕಳೆದು ವ್ಯಾನ್ ದೊಡ್ಡ ರಸ್ತೆಗೆ ಬಂತು.

"ಸಿಡಿಸುವವರೆಲ್ಲ ಸ್ಟೇಷನ್ನಿನಲ್ಲಿದ್ದಾರೆ," ಎಂದೆ. "ಇವತ್ತು ಏನೂ ಆಗುವುದಿಲ್ಲ."

"ಗೊತ್ತುಂಟು," ಎಂದಳು. ತಲೆ ಮಾತ್ರ ನನ್ನ ಎದೆಯಿಂದ ಎತ್ತಲಿಲ್ಲ.