ಸಭೆಯಲ್ಲಿ ಹೇಳಿದ ಮಾತು

ಸೋಂಪುರದ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತಿದ್ದವನನ್ನು ನೋಡಿ ಪ್ರಮೋದಾ, ರಾಗಿ ಶುಚಿ ಮಾಡಿಸಲು ಬಂದವನೆಂದೇ ತಿಳಿದಳು.

"ಸುಮ್ನೆ ನಿಂತ್ಕೊಂಡ್ರೆ ಆಗಲ್ಲ, ಮೂಟೆ ಆ ಕಡೆಯಿಂದ ಹಿಡ್ಕೊಳ್ಳಿ," ಎಂದಳು.

ಅವನು ಬ್ಯಾಗು ಕೆಳಗಿಟ್ಟು ಹಿಡಿದುಕೊಂಡ. ಒಂದು ಕಡೆ ಕಲ್ಲು, ಒಂದು ಕಡೆ ಹೊಟ್ಟು, ನಡುವೆ ಕೆಂಪಗೆ ಹೊಳೆಯುವ ರಾಗಿ ಮೆಷಿನ್ನಿನಿಂದ ಉದುರುವುದನ್ನು ಕಣ್ಣರಳಿಸಿ ನೋಡಿದ. ಆಮೇಲೆ ಅಂಗಿಯ ಧೂಳು ಕೊಡವಿಕೊಂಡು, "ನಾನು ಹರಿಪ್ರಸಾದ್. ರಫ್ತು ಸಹಾಯ ಕೇಂದ್ರದಿಂದ. ನೀವು ಅರ್ಜಿ ಹಾಕಿದ್ರಲ್ಲ, ಇನ್‌ಸ್ಪೆಕ್ಷನ್‌ಗೆ ಬಂದೆ," ಎಂದ.

ಪ್ರಮೋದಾ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಮೊದಲೇ ಹೇಳ್ಬಾರ್ದಾ ಸಾರ್?"

"ನೀವು ಬಿಟ್ರೆ ತಾನೇ?"

ಅವನ ಹುಬ್ಬಿನ ಮೇಲೆ ಕೂತಿದ್ದ ಹೊಟ್ಟನ್ನು ಒರೆಸಿಬಿಡಬೇಕೆನಿಸಿತು ಅವಳಿಗೆ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಆ ಮೆಷಿನ್ ರೂಪಿಸಿದ್ದು ಪ್ರಮೋದಾ ಮತ್ತು ಅವಳ ತಂದೆ ಬೈರಣ್ಣ ಸೇರಿ. ಉಗಾಂಡದಲ್ಲೂ ಜನ ರಾಗಿ ತಿನ್ನುತ್ತಾರೆ, ಅಲ್ಲಿ ಇಂಥ ಸಣ್ಣ ಮೆಷಿನ್ ಕೇಳುವವರಿದ್ದಾರೆ ಎಂದು ಗೊತ್ತಾದಾಗಿನಿಂದ ಅವಳಿಗೆ ಅದೇ ಧ್ಯಾನ. ಹೊಸ ಹೊಸ ದೇಶಗಳಲ್ಲಿ ವ್ಯಾಪಾರ ಹುಡುಕುವ ಸಣ್ಣ ಉದ್ದಿಮೆಗಳಿಗೆ ಸರ್ಕಾರ ಅಲ್ಲಿನ ಮೇಳದಲ್ಲಿ ಮಳಿಗೆ ಹಿಡಿದುಕೊಟ್ಟು, ಸಾಗಣೆ, ಪ್ರಯಾಣದ ವೆಚ್ಚವನ್ನೂ ಕೊಡುತ್ತಿತ್ತು. ಉಗಾಂಡದ ರಾಜಧಾನಿ ಕಂಪಾಲಾದ ಮೇಳಕ್ಕೆ ಜಿಲ್ಲೆಯಿಂದ ಒಬ್ಬರಿಗೆ ಮಾತ್ರ ಅವಕಾಶ. ಯಾರಿಗೆಂದು ಅಂಕ ಹಾಕಿ ತೀರ್ಮಾನಿಸುವ ಕಮಿಟಿಯಲ್ಲಿ ಹರಿಪ್ರಸಾದನೂ ಇದ್ದ.

ಹರಿಪ್ರಸಾದ್ ಮತ್ತೆ ಮತ್ತೆ ಬಂದ. ಉಗಾಂಡದ ಒಂದು ಮಹಿಳಾ ಸಂಘದ ಜೊತೆ ವಿಡಿಯೊ ಕಾಲ್ ಏರ್ಪಡಿಸಿದ. ಅಲ್ಲಿಯ ಹೆಂಗಸೊಬ್ಬಳು ಬಟ್ಟಲಿನಲ್ಲಿದ್ದ ಗಂಜಿ ತೋರಿಸಿದಾಗ, "ನೋಡ್ರೀ, ನಮ್ಮ ಅಂಬಲಿ!" ಎಂದು ಪ್ರಮೋದಾ ಅವನ ತೋಳು ಹಿಡಿದೇಬಿಟ್ಟಳು. ಕಾಲ್ ಮುಗಿದರೂ ಅವಳು ಕೈ ಬಿಟ್ಟಿರಲಿಲ್ಲ. ಅವನು ಅಲುಗಾಡಿರಲಿಲ್ಲ.

ಒಂದು ಭಾನುವಾರ ಇಬ್ಬರೂ ಮಾಕಳಿದುರ್ಗದ ಬೆಟ್ಟ ಹತ್ತಿದರು. ಮೇಲೆ ಗಾಳಿಗೆ ಅವಳ ದುಪಟ್ಟಾ ಹಾರಿ ಅವನ ಮುಖಕ್ಕೆ ಬಡಿಯಿತು. ಅವನು ಸರಿಸಲಿಲ್ಲ.

"ಏನೋ ಹೇಳ್ಬೇಕು ಅಂದ್ರಲ್ಲ?" ಅವಳು ಕೇಳಿದಳು.

"ಕಮಿಟಿ ಮೀಟಿಂಗ್ ಮುಗೀಲಿ. ಹೇಳ್ತೀನಿ."

"ಅಷ್ಟು ದೊಡ್ಡ ವಿಷಯಾನಾ?"

"ನಂಗೆ ದೊಡ್ಡದೇ," ಎಂದು ಅವಳನ್ನೇ ನೋಡಿದ. ಇಳಿಯುವಾಗ ದಾರಿಯುದ್ದಕ್ಕೂ ಪ್ರಮೋದಾ ಒಬ್ಬಳೇ ನಗುತ್ತಿದ್ದಳು.

ಮೀಟಿಂಗ್ ಆಯಿತು. ಅವಕಾಶ ಸಿಕ್ಕಿದ್ದು ಹೊಸಕೋಟೆಯ ಅನಿಲ್‌ಕುಮಾರ್ ಅವರ ಕಂಪನಿಗೆ. ಅವಳು ಹರಿಪ್ರಸಾದನಿಗೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಮಾರನೆಯ ದಿನವೂ ಎತ್ತಲಿಲ್ಲ. ಕಳಿಸಿದ ಮೆಸೇಜುಗಳನ್ನೆಲ್ಲ ಓದಿದ್ದ, ಉತ್ತರವಿಲ್ಲ.

"ಬಿಡು ಮಗ," ಎಂದ ಬೈರಣ್ಣ. "ಅವರ ಕೆಲ್ಸ ಇದ್ದಷ್ಟು ದಿನ ಬಂದ್ರು."

ಆ ಮಾತು ನಿಜವೆನಿಸಿತು ಅವಳಿಗೆ. ತನ್ನ ಮೆಷಿನ್ ಅವನ ಮನಸ್ಸಿಗೆ ಹಿಡಿಸಿರಲಿಲ್ಲ, ತಾನೂ ಅಷ್ಟೇ ಎಂದುಕೊಂಡಳು. ಊಟ ಸೇರಲಿಲ್ಲ. ವರ್ಕ್‌ಶಾಪಿನ ಬಾಗಿಲಲ್ಲಿ ಯಾರ ನೆರಳು ಬಿದ್ದರೂ ತಿರುಗಿ ನೋಡುವುದು ಮಾತ್ರ ತಪ್ಪಲಿಲ್ಲ.

ಒಂದು ದಿನ ಆ ನೆರಳು ಅನಿಲ್‌ಕುಮಾರ್ ಅವರದ್ದಾಗಿತ್ತು. ಅಲ್ಲಿನವರು ಕೇಳುತ್ತಿದ್ದದ್ದು ಸಣ್ಣ ಮೆಷಿನ್ ಆದ್ದರಿಂದ, ಕಂಪಾಲಾಕ್ಕೆ ಒಯ್ಯಲು ಅವರಿಗೆ ಅವಳ ಮೆಷಿನ್ನೇ ಬೇಕಿತ್ತು. ಹೆಸರು ಅವರ ಕಂಪನಿಯದು, ತಯಾರಿ ಸೋಂಪುರದಲ್ಲೇ. ಅವಳು ಮೂರು ವರ್ಷ ಕಂಪಾಲಾದಲ್ಲೇ ಇದ್ದು ಮಾರಾಟ, ರಿಪೇರಿ ನೋಡಿಕೊಳ್ಳಬೇಕು. ಇಲ್ಲಿಂದ ದೂರ ಹೋದರೆ ಸಾಕೆನಿಸಿದ್ದ ಪ್ರಮೋದಾ ಒಪ್ಪಿ ಸಹಿ ಹಾಕಿದಳು.

ಅನಿಲ್‌ಕುಮಾರ್ ಕಾಫಿ ಕುಡಿಯುತ್ತ ನಕ್ಕರು. "ನಿಮ್ಮ ಹರಿಪ್ರಸಾದ್ ದೊಡ್ಡ ಮನುಷ್ಯ ಕಣಮ್ಮ. 'ನಾನು ಪ್ರಮೋದಾ ಅವರನ್ನ ಮದುವೆ ಆಗ್ಬೇಕು ಅಂತಿದೀನಿ, ಅವರ ಅರ್ಜಿಗೆ ಮಾರ್ಕ್ಸ್ ಹಾಕೋದು ನ್ಯಾಯ ಅಲ್ಲ' ಅಂತ ಹೇಳಿ ಮೀಟಿಂಗಿಂದ ಎದ್ದು ಹೋದ್ರಂತೆ. ಆಮೇಲೆ ನಿಮ್ಮ ಮೆಷಿನ್ ಬಗ್ಗೆ ಮಾತಾಡೋರೇ ಇರ್ಲಿಲ್ಲ. ನಿಮಗೆ ಹೇಳಿರ್ತಾರೆ ಬಿಡಿ."

ಪ್ರಮೋದಾ ಆಗಷ್ಟೇ ಸಹಿ ಹಾಕಿದ ಕಾಗದವನ್ನು ಮತ್ತೊಮ್ಮೆ ನೋಡಿದಳು.

ಮಾರನೆಯ ದಿನ ಅವನ ಆಫೀಸಿಗೆ ಹೋದಳು. ಹರಿಪ್ರಸಾದ್ ಹೊರಗೆ ಬಂದ. ಬಸ್ ಸ್ಟಾಪಿನ ಹೊಂಗೆ ಮರದ ಕೆಳಗೆ ಇಬ್ಬರೂ ನಿಂತರು. ಅವನು ಸೊರಗಿಹೋಗಿದ್ದ, ಗಡ್ಡ ಬೆಳೆದಿತ್ತು.

"ಅಷ್ಟು ಜನಕ್ಕೆ ಹೇಳಿದ್ರಿ. ನಂಗೊಬ್ಬಳಿಗೆ ಹೇಳ್ಲಿಲ್ಲ."

ಅವನು ತಲೆಯೆತ್ತಲಿಲ್ಲ. "ನನ್ನಿಂದ್ಲೇ ನಿಮ್ಮ ಅವಕಾಶ ಹೋಯ್ತು. ಯಾವ ಮುಖ ಇಟ್ಕೊಂಡು ಫೋನ್ ಎತ್ಲಿ?"

"ಎದ್ದು ಹೋಗಿದ್ದು ಸರೀನೇ ರೀ. ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ. ಮೇಳ ಮುಂದಿನ ವರ್ಷಾನೂ ಬರತ್ತೆ. ಒಂದು ಮಾತು ಹೇಳಿದ್ರೆ ಕಾಯ್ತಿದ್ದೆ. ನೀವು ಕೈಬಿಟ್ರಿ ಅಂದ್ಕೊಂಡು ಎಲ್ಲಾ ಬರ್ಕೊಟ್ಬಿಟ್ಟೆ."

"ಹೋಗ್ಲೇಬೇಕಾ?"

"ಅಪ್ಪನ ಜೊತೆ ಕೆಲ್ಸ ಮಾಡೋರಿಗೆಲ್ಲ ಈಗ ಕೈತುಂಬ ಆರ್ಡರ್ ಇದೆ. ಅವರಿಗೇನು ಹೇಳ್ಲಿ?"

"ನಾನು ಕಾಯ್ತೀನಿ."

"ಬೇಡ." ಅವಳು ಬಸ್ಸು ಬರುವ ದಾರಿಯತ್ತ ನೋಡಿದಳು. "ನೀವಿಲ್ಲಿ ಕಾಯ್ತಿದೀರಿ ಅಂತ ಗೊತ್ತಿದ್ರೆ ಅಲ್ಲಿ ಒಂದು ದಿನಾನೂ ಇರೋಕಾಗಲ್ಲ ನನ್ನ ಕೈಲಿ."

ದೂರದಲ್ಲಿ ಬಸ್ಸು ಕಾಣಿಸಿತು.

"ಅವತ್ತು ಮೀಟಿಂಗಲ್ಲಿ ಏನಂದ್ರಿ? ಬೇರೆಯವರ ಬಾಯಲ್ಲಿ ಕೇಳ್ದೆ. ನಿಮ್ಮ ಬಾಯಲ್ಲಿ ಒಂದ್ಸಲ ಕೇಳ್ಬೇಕು."

ಅವನು ಈಗ ತಲೆಯೆತ್ತಿದ. "ನಿಮ್ಮನ್ನ ಮದುವೆ ಆಗ್ಬೇಕು ಅಂತ ಆಸೆ ಇತ್ತು, ಪ್ರಮೋದಾ."

"ಇತ್ತಾ?"

"ಇದೆ."

"ನಂಗೂ," ಎಂದಳು. ಅವನ ಕೈಯನ್ನು ಒಮ್ಮೆ ಬಿಗಿಯಾಗಿ ಹಿಡಿದು ಬಿಟ್ಟಳು. ಬಸ್ಸು ನಿಂತಿತು.

ಅವನಿಗೆ ಮುಖ ಕಾಣದಿರಲೆಂದು ಆಚೆ ಬದಿಯ ಸೀಟಿನಲ್ಲಿ ಕೂತಳು. ಹೊಂಗೆ ಮರ ಹಿಂದಾಗುವವರೆಗೂ ತಡೆದುಕೊಂಡಳು.

"ಆಧಾರ್ ತೋರ್ಸಮ್ಮ. ಎಲ್ಲಿಗೆ?" ಕಂಡಕ್ಟರ್ ಕೇಳಿದ.

ಊರಿನ ಹೆಸರು ಹೇಳಲು ಬಾಯಿ ತೆರೆದಳು. ದನಿ ಬರಲಿಲ್ಲ. ಅವನು ಅವಳ ಮುಖ ನೋಡಿ, ಮತ್ತೇನೂ ಕೇಳದೆ ಮುಂದಿನ ಸೀಟಿಗೆ ಹೋದ.