ಕಪಾಟಿನಲ್ಲಿ ಒಂದು ಇಟ್ಟಿಗೆಯಷ್ಟು ಜಾಗ

"ಒತ್ತೇ! ಇನ್ನೂ ಸ್ವಲ್ಪ ಒತ್ತು!" ಸೆನೊ ಕೂಗಿದ.

"ಶ್! ಬಾಯಿ ಮುಚ್ಚೋ. ಅಪ್ಪಂಗೆ ಕೇಳಿಸಿದ್ರೆ ಇಬ್ಬರ ಕಿವೀನೂ ಹಿಂಡ್ತಾರೆ."

ವಿಗಾತಿ ಹಸಿ ಇಟ್ಟಿಗೆಯ ಮೇಲೆ ಬಲಗಾಲು ಊರಿ ನಿಂತಿದ್ದಳು. ತಣ್ಣನೆಯ ಮಣ್ಣು ಬೆರಳುಗಳ ಸಂದಿಯಿಂದ ಮೇಲೆದ್ದು ಬರುತ್ತಿತ್ತು. ಹತ್ತರವರೆಗೆ ಎಣಿಸಿ ಮೆಲ್ಲಗೆ ಕಾಲೆತ್ತಿದಳು. ಹಿಮ್ಮಡಿ, ಅಂಗಾಲು, ಐದು ಬೆರಳು, ಎಲ್ಲ ಚೆನ್ನಾಗಿ ಮೂಡಿದ್ದವು.

"ನಿನ್ನ ಸೊಟ್ಟ ಕಿರುಬೆರಳೂ ಬಂದಿದೆ!" ಸೆನೊ ಹಲ್ಲು ಕಿರಿದ.

ವಿಗಾತಿ ನಾಲ್ಕು ವರ್ಷದವಳಿದ್ದಾಗ ಆ ಬೆರಳಿನ ಮೇಲೆ ಇಟ್ಟಿಗೆ ಬಿದ್ದಿತ್ತು. ಅಂದಿನಿಂದ ಅದು ಹೊರಗೆ ತಿರುಗಿಕೊಂಡೇ ಇದೆ.

"ಅಷ್ಟು ಸಣ್ಣದನ್ನ ಯಾರು ನೋಡ್ತಾರೆ ಬಿಡೋ. ನೀನು ಮಾತ್ರ ಅಜ್ಜನ ಹತ್ರ ಬಾಯಿಬಿಟ್ಟರೆ ನೋಡು!"

"ನಾನ್ಯಾಕೆ ಬಿಡ್ಲಿ?" ಎಂದ ಸೆನೊ. ಎಂಟು ವರ್ಷದ ಈ ತಮ್ಮನ ಹೊಟ್ಟೆಯಲ್ಲಿ ಗುಟ್ಟು ಅರ್ಧ ದಿನವೂ ನಿಲ್ಲುವುದಿಲ್ಲ ಅನ್ನುವುದು ಮನೆಯವರಿಗೆಲ್ಲ ಗೊತ್ತು. ಆದರೆ ಏನು ಮಾಡುವುದು? ಹಸಿ ಇಟ್ಟಿಗೆ ಭಾರ. ಎತ್ತಿಡುವುದಕ್ಕೆ ಇನ್ನೊಂದು ಜೊತೆ ಕೈ ಬೇಕೇ ಬೇಕಿತ್ತು.

ಇಷ್ಟೆಲ್ಲ ಅಜ್ಜನಿಗೋಸ್ಕರ.

ತ್ರೊವುಲಾನ್ ಊರಿನಲ್ಲಿ ಎಲ್ಲಿ ಅಗೆದರೂ ಏನಾದರೊಂದು ಸಿಗುತ್ತದೆ. ಆರುನೂರು ವರ್ಷಗಳ ಹಿಂದೆ ಇಲ್ಲಿ ಮಜಪಹಿತ್ ರಾಜರ ದೊಡ್ಡ ಪಟ್ಟಣವಿತ್ತು. ಈಗ ಅದರ ಮೇಲೆ ಭತ್ತದ ಗದ್ದೆಗಳಿವೆ, ಕಬ್ಬು ಬೆಳೆದಿದೆ, ವಿಗಾತಿಯ ಅಪ್ಪನಂಥವರ ಇಟ್ಟಿಗೆ ಗೂಡುಗಳಿವೆ. ಇಟ್ಟಿಗೆಗೆ ಮಣ್ಣು ತೆಗೆಯುವ ಗುಂಡಿಯಲ್ಲಿ ಹಳೆಯ ಗೋಡೆಯೋ, ಮಡಕೆಯ ಚೂರೋ ಗುದ್ದಲಿಗೆ ತಗಲುತ್ತಲೇ ಇರುತ್ತದೆ. ಅಗೆಯುವವರ ಹಿಂದೆ ಹೆಗಲಿಗೊಂದು ಚೀಲ ಹಾಕಿಕೊಂಡು ಕಾಸ್ಮಿನ್ ಅಜ್ಜ ನಡೆಯುತ್ತಿದ್ದರು, ಒಂದು ವರ್ಷವಲ್ಲ ಎರಡು ವರ್ಷವಲ್ಲ, ಪೂರಾ ಅರವತ್ತು ವರ್ಷ!

"ಇಡೀದು ಸಿಕ್ಕರೆ ಮ್ಯೂಸಿಯಂಗೆ, ಒಡೆದದ್ದು ನಮಗೆ" ಎನ್ನುತ್ತಿದ್ದರು. ಹಾಗಾಗಿ ಅಜ್ಜನ ಕಪಾಟಿನಲ್ಲಿ ಇದ್ದದ್ದೆಲ್ಲ ಒಡಕಲು. ಮೈಯಿಲ್ಲದ ಮಣ್ಣಿನ ಮುಖಗಳು, ಮಣ್ಣಿನ ಹಂದಿಯ ಮೂತಿ, ನೀಲಿ ಹೂವಿನ ತಟ್ಟೆಯ ಕಾಲುಭಾಗ. ಒಂದೊಂದನ್ನೂ ಅಜ್ಜ ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿ ತೊಳೆದು, ಸಿಕ್ಕಿದ ದಿನವನ್ನು ಚೀಟಿಯಲ್ಲಿ ಬರೆದು ಇಡುತ್ತಿದ್ದರು. ಅಮ್ಮ "ಮಾವನವರ ಕಸ" ಎಂದು ಗೊಣಗುತ್ತಲೇ ಅದರ ಧೂಳು ಒರೆಸುತ್ತಿದ್ದಳು.

ಕಪಾಟಿನ ನಡುವೆ ಮಾತ್ರ ಒಂದು ಇಟ್ಟಿಗೆಯಷ್ಟು ಜಾಗ ಖಾಲಿ ಇತ್ತು. ಅಲ್ಲಿ ಚಹಾ ಲೋಟ ಇಡುವುದಕ್ಕೂ ಅಜ್ಜ ಬಿಡುತ್ತಿರಲಿಲ್ಲ.

"ಅಲ್ಲಿ ಅವಳು ಬರಬೇಕು" ಎನ್ನುತ್ತಿದ್ದರು.

ಅಜ್ಜ ಎಂಟು ವರ್ಷದವರಿದ್ದಾಗ ಅವರಿಗೆ ಒಂದು ಹಳೆಯ ಇಟ್ಟಿಗೆ ಸಿಕ್ಕಿತ್ತು. ಅದರ ಮೇಲೆ ಒಂದು ಮಗುವಿನ ಪಾದ! ಮಜಪಹಿತ್ ಕಾಲದಲ್ಲಿ ಯಾರೋ ಇಟ್ಟಿಗೆ ಹೊಯ್ದು ಬಿಸಿಲಿಗೆ ಇಟ್ಟಿದ್ದಾರೆ, ಯಾವಳೋ ತುಂಟಿ ಅದರ ಮೇಲೆ ಓಡಿಹೋಗಿದ್ದಾಳೆ. ಅಜ್ಜ ಆ ಪಾದದೊಳಗೆ ತಮ್ಮ ಕಾಲಿಟ್ಟು ನೋಡಿದ್ದರಂತೆ. ಹೊಲಿಸಿದ ಹಾಗೆ ಸರಿಯಾಗಿ ಕೂತಿತ್ತಂತೆ. ಅದು ಹುಡುಗಿಯೇ ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದರೆ, "ಗೊತ್ತಾಯ್ತು ಅಷ್ಟೆ" ಎನ್ನುತ್ತಿದ್ದರು.

"ಆಮೇಲೆ ಆ ಇಟ್ಟಿಗೆ ಏನಾಯ್ತು ಅಜ್ಜಾ?"

"ಯಾರೋ ಕುಟ್ಟಿ ಪುಡಿ ಮಾಡಿಬಿಟ್ರು."

ಆಗೆಲ್ಲ ಹಾಗೇ ಮಾಡುತ್ತಿದ್ದರು. ಸಿಮೆಂಟು ಎಲ್ಲಿಂದ ಬರಬೇಕು? ಹಳೆಯ ಇಟ್ಟಿಗೆಗಳನ್ನು ಕುಟ್ಟಿ, ಆ ಕೆಂಪು ಪುಡಿಯನ್ನು ಸುಣ್ಣಕ್ಕೆ ಬೆರೆಸಿ ಗೋಡೆ ಕಟ್ಟುತ್ತಿದ್ದರು.

ಈ ವರ್ಷ ಅಜ್ಜನ ಮೊಣಕಾಲು ಪೂರ್ತಿ ಸೋತಿತ್ತು. ಮಣ್ಣಿನ ಗುಂಡಿಯೂ ಅಪ್ಪನ ಕೈಬಿಡುವುದರಲ್ಲಿತ್ತು. ಇನ್ನೊಂದು ತಿಂಗಳಿಗೆ ಜಮೀನಿನವರು ಅದಕ್ಕೆ ನೀರು ಬಿಟ್ಟು ನಾಟಿ ಮಾಡುವವರಿದ್ದರು. ಒಂದು ಸಂಜೆ ಅಜ್ಜ ಕಪಾಟಿನ ಮುಂದೆ ಕೂತು, "ಇನ್ನು ಸಿಗಲ್ಲ ಬಿಡು ವಿಗಾ. ಆ ಜಾಗದಲ್ಲಿ ನಿನ್ನ ಸ್ಕೂಲ್ ಬುಕ್ ಇಟ್ಕೋ" ಎಂದರು.

ಅಜ್ಜ ಬೈದಿದ್ದರೂ ವಿಗಾತಿಗೆ ಅಷ್ಟು ನೋವಾಗುತ್ತಿರಲಿಲ್ಲ. ಅವಳು ಒಂದು ಪುಸ್ತಕವನ್ನೂ ಅಲ್ಲಿಡಲಿಲ್ಲ. ಅದರ ಬದಲು, ಈಗಿನದಕ್ಕಿಂತ ಎಷ್ಟೋ ದೊಡ್ಡದಾದ ಹಳೆಯ ಇಟ್ಟಿಗೆಯೊಂದರ ಅಳತೆ ತೆಗೆದುಕೊಂಡು, ಹಲಗೆ ಚೂರುಗಳನ್ನು ಜೋಡಿಸಿ ಒಂದು ಅಚ್ಚು ಮಾಡಿದಳು.

ಹತ್ತು ದಿನ ಒಣಗಿದ ಮೇಲೆ ಅವಳ ಇಟ್ಟಿಗೆ ಗೂಡು ಸೇರಿತು. ಜೋಡಿಸುವಾಗ ಅಪ್ಪನ ಕಣ್ಣಿಗೆ ಬಿದ್ದೇಬಿಟ್ಟಿತು.

"ಇದೇನೇ ಇದು, ಆನೆಗೆ ಮನೆ ಕಟ್ತೀಯಾ?"

"ಸ್ಕೂಲ್ ಪ್ರಾಜೆಕ್ಟ್ ಅಪ್ಪಾ."

ಸುಳ್ಳು ನಾಲಿಗೆಯಿಂದ ಸಲೀಸಾಗಿ ಜಾರಿತು. ಸೆನೊ ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಹೊರಗೆ ಓಡಿದ.

ಗೂಡಿನಲ್ಲಿ ಭತ್ತದ ಹೊಟ್ಟು ಉರಿದು, ಆರಿ, ತಣ್ಣಗಾಯಿತು. ವಿಗಾತಿ ಇಟ್ಟಿಗೆಗೆ ಕೆಸರು ಮೆತ್ತಿ, ಒಂದು ಮೂಲೆ ಒಡೆದು, ಗುಂಡಿಯ ಮೂಲೆಯಲ್ಲಿದ್ದ ಹಳೆಯ ಗೋಡೆಯ ಬುಡದಲ್ಲಿ ಹೂತಳು. ಮೂರು ದಿನ ಬಿಟ್ಟು, ಭಾನುವಾರ ಬೆಳಿಗ್ಗೆ, ಅಜ್ಜನನ್ನು ಎಬ್ಬಿಸಿದಳು.

"ಅಜ್ಜಾ, ಇನ್ನೇನು ನೀರು ಬಿಟ್ಟುಬಿಡ್ತಾರೆ. ಒಂದೇ ಒಂದು ಸಲ ನೋಡ್ಕೊಂಡು ಬರೋಣ ಬನ್ನಿ."

ಅಜ್ಜ ಒಂದು ಕೈಯನ್ನು ಅವಳ ಹೆಗಲ ಮೇಲಿಟ್ಟು ಹೊರಟರು. ಇನ್ನೊಂದು ಕೈ ದಾರಿಯ ಹಳೆಯ ಮನೆಗಳ ಗೋಡೆಯನ್ನು ಸವರುತ್ತಾ ಬಂತು. ಅದು ಅವರ ಅಭ್ಯಾಸ. ಯಾಕೆ ಎಂದು ಕೇಳಿದರೆ "ಸುಮ್ನೆ" ಎನ್ನುತ್ತಿದ್ದರು.

ಗುಂಡಿಯಲ್ಲಿ ವಿಗಾತಿ ಬೇಕೆಂದೇ ಅಲ್ಲಿ ಇಲ್ಲಿ ಕೆದಕಿದಳು. ಕೊನೆಗೆ, "ಆ ಮೂಲೇನೂ ಒಂದ್ಸಲ ನೋಡಿಬಿಡಿ" ಎಂದಳು. ಅಜ್ಜ ಕಷ್ಟಪಟ್ಟು ಕುಕ್ಕರುಗಾಲಿನಲ್ಲಿ ಕೂತು ಮಣ್ಣು ಸರಿಸಿದರು. ಕೈ ತಟ್ಟನೆ ನಿಂತಿತು.

"ವಿಗಾ..."

ಅಜ್ಜನ ಮುಖ ಎಷ್ಟು ಬೆಳಗಿತೆಂದರೆ ವಿಗಾತಿಗೆ ಕುಣಿಯಬೇಕೆನಿಸಿತು. ಅಜ್ಜ ತೋರುಬೆರಳಿನಿಂದ ಪಾದದ ಕೆಸರು ತೆಗೆದರು. ಹಿಮ್ಮಡಿ. ಹೆಬ್ಬೆರಳು. ಅದರ ಪಕ್ಕದ್ದು. ಕೊನೆಗೆ ಕಿರುಬೆರಳು. ಅಲ್ಲಿಗೆ ಬಂದ ಕೈ ಸ್ವಲ್ಪ ಹೊತ್ತು ಅಲ್ಲೇ ಉಳಿಯಿತು.

"ನಡಿ, ಮನೆಗೆ ಹೋಗೋಣ" ಎಂದರು ಅಜ್ಜ.

ದಾರಿಯುದ್ದಕ್ಕೂ ಇನ್ನೊಂದು ಮಾತಿಲ್ಲ. ಇಟ್ಟಿಗೆ ಹೊತ್ತುಕೊಂಡ ವಿಗಾತಿ ಹಿಂದೆ ಹಿಂದೆ ಬಂದಳು. ಸಂತೋಷಕ್ಕೆ ಮಾತು ಬರುತ್ತಿಲ್ಲ ಎಂದುಕೊಂಡಳು.

ಮನೆಯ ಜಗಲಿಯಲ್ಲಿ ಅಜ್ಜ ಟೂತ್‌ಬ್ರಶ್ ತಂದು ಇಟ್ಟಿಗೆಯನ್ನು ಉಜ್ಜಿ ತೊಳೆದರು. ಒರೆಸಿದರು. ಆದರೆ ಕಪಾಟಿನ ಹತ್ತಿರ ಹೋಗಲಿಲ್ಲ. ಅದನ್ನು ನೆಲದ ಮೇಲಿಟ್ಟು, "ವಿಗಾ, ಚಪ್ಪಲಿ ಬಿಚ್ಚು. ಬಲಗಾಲು ಇಡು ಇದರೊಳಗೆ" ಎಂದರು.

ವಿಗಾತಿ ಕಾಲಿಟ್ಟಳು. ಕಾಲು ಹಿಡಿಸಲಿಲ್ಲ! ಹಿಮ್ಮಡಿ ಕೂತರೆ ಬೆರಳು ಹೊರಗೆ, ಬೆರಳು ಕೂತರೆ ಹಿಮ್ಮಡಿ ಹೊರಗೆ.

"ಇದು ಹೇಗೆ? ಇದು ನಂದೇ ಕಾಲು ಅಜ್ಜಾ, ದೇವರಾಣೆ!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಬಾಗಿಲ ಸಂದಿಯಲ್ಲಿ ನಿಂತಿದ್ದ ಸೆನೊ, "ನಾನು ಹೇಳ್ಲಿಲ್ಲಪ್ಪ! ಅವಳೇ ಹೇಳಿದ್ದು!" ಎಂದು ಕೂಗಿದ.

ಅಜ್ಜ ಗೊಳ್ಳನೆ ನಕ್ಕರು. "ಸುಟ್ಟರೆ ಮಣ್ಣು ಕುಗ್ಗುತ್ತಲ್ಲೇ ಪೆದ್ದಿ! ನಿಮ್ಮಪ್ಪನ ಅಚ್ಚು ಇಟ್ಟಿಗೆಗಿಂತ ದೊಡ್ಡದಿರೋದು ನೋಡಿಲ್ವಾ? ಇಟ್ಟಿಗೆ ಹೊಯ್ಯೋರ ಮನೆ ಹುಡುಗಿ, ಅಷ್ಟೂ ಗೊತ್ತಿಲ್ವಾ? ಅದಿರ್ಲಿ, ಮಜಪಹಿತ್ ಕಾಲದಲ್ಲಿ ನಿನ್ನ ಕಿರುಬೆರಳಿನ ಮೇಲೆ ಇಟ್ಟಿಗೆ ಹಾಕಿದವರು ಯಾರೇ?"

ವಿಗಾತಿ ನಗಲಿಲ್ಲ. ಅವಳ ಕಣ್ಣಿನಿಂದ ನೀರು ದಳದಳ ಇಳಿಯಿತು.

"ನೀವು ಆ ಜಾಗದಲ್ಲಿ ಬುಕ್ ಇಟ್ಕೋ ಅಂದ್ರಿ. ನಂಗೆ ತಡೆಯೋಕಾಗ್ಲಿಲ್ಲ. ನಿಮಗೆ ಅವಳು ಸಿಗ್ಲಿ ಅಂತ ಮಾಡಿದೆ. ಮೋಸ ಮಾಡೋಕಲ್ಲ ಅಜ್ಜಾ."

ಅಜ್ಜನ ನಗು ನಿಂತಿತು. ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡರು.

"ನಾನೂ ನಿಂಗೊಂದು ಸುಳ್ಳು ಹೇಳಿದೀನಿ" ಎಂದರು. "ಆ ಇಟ್ಟಿಗೆ ಯಾರೋ ಕುಟ್ಟಿದ್ದಲ್ಲ. ನಾನೇ ಕುಟ್ಟಿದ್ದು."

"ನೀವಾ?"

"ಹೂಂ. ಆಗ ಮಕ್ಕಳೆಲ್ಲ ಕೂತು ಕುಟ್ಟಬೇಕಿತ್ತು. ಮೊದಲು ಯಾರ ಬುಟ್ಟಿ ತುಂಬುತ್ತೋ ಅವರು ಮೊದಲು ಕೆರೆಗೆ ಈಜೋಕೆ ಹೋಗ್ಬಹುದು. ಎಲ್ಲರೂ ಹೊರಟುಬಿಟ್ಟಿದ್ರು. ನಂದು ಒಂದು ಹಿಡಿ ಕಮ್ಮಿ ಇತ್ತು. ಕಾಲಿಟ್ಟು ನೋಡಿದೆ, ಖುಷಿಪಟ್ಟೆ, ಆಮೇಲೆ ಸುತ್ತಿಗೆ ಎತ್ತಿದೆ. ಈಜ್ತಾ ಇರುವಾಗಲೇ ನೆನಪಾಗೋಕೆ ಶುರುವಾಯ್ತು. ವಾಪಸ್ ಓಡಿಬಂದೆ. ಅಷ್ಟೊತ್ತಿಗೆ ಪುಡಿಯ ಗಾಡಿ ಹೋಗಿಬಿಟ್ಟಿತ್ತು."

"ಎಲ್ಲಿಗೆ?"

"ಯಾರಿಗೆ ಗೊತ್ತು? ಇದೇ ಊರಿನ ಯಾವುದೋ ಗೋಡೆಗೆ."

ವಿಗಾತಿ ಅಜ್ಜನ ದೊಡ್ಡ ಒರಟು ಕೈಯನ್ನು ಹಿಡಿದುಕೊಂಡಳು.

ಅಷ್ಟರಲ್ಲಿ ಸೆನೊ ಬಂದು ಇಟ್ಟಿಗೆಯ ಮೇಲೆ ನಿಂತಿದ್ದ.

"ಇಲ್ನೋಡಿ, ಇಲ್ನೋಡಿ! ನಂಗೆ ಸರಿಯಾಗಿ ಆಗುತ್ತೆ!"

ಹೌದು, ಸೆನೊನ ಕಾಲು ಅಕ್ಕನ ಪಾದದೊಳಗೆ ಹೊಲಿಸಿದ ಹಾಗೆ ಕೂತಿತ್ತು. ಕಿರುಬೆರಳ ಹತ್ತಿರ ಮಾತ್ರ ಸ್ವಲ್ಪ ಸಂದಿ ಇತ್ತು.

ಅಜ್ಜ ಬಗ್ಗಿ ನೋಡಿದರು. ಸೆನೊನ ಕಾಲು ನೋಡಿದರು, ವಿಗಾತಿಯ ಕಾಲು ನೋಡಿದರು, ಮತ್ತೆ ಸೆನೊನ ಕಾಲು ನೋಡಿದರು.

"ಸೆನೊ, ನಿಂಗೆಷ್ಟು ವರ್ಷ?"

"ಎಂಟು! ಅಜ್ಜಂಗೆ ಮರೆತೇಹೋಗಿದೆ!"

"ಎಂಟು..." ಅಜ್ಜ ಹಣೆ ಹಣೆ ಬಡಿದುಕೊಂಡರು. "ಅಯ್ಯೋ ನನ್ನ ಬುದ್ಧಿಗಿಷ್ಟು! ಅರವತ್ತು ವರ್ಷ ಮಣ್ಣಲ್ಲೇ ಇದ್ದೂ ಇದು ಹೊಳೀಲಿಲ್ಲವಲ್ಲ! ಅವಳ ಇಟ್ಟಿಗೇನೂ ಸುಟ್ಟದ್ದೇ ತಾನೇ? ಅವಳ ಕಾಲೂ ಕುಗ್ಗಿತ್ತು ಕಣ್ರೋ! ನನ್ನ ಓರಗೆಯವಳು ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ. ಅವಳು ನನಗಿಂತ ದೊಡ್ಡವಳು!"

"ಎಷ್ಟು ದೊಡ್ಡವಳು ಅಜ್ಜಾ?" ವಿಗಾತಿ ಕೇಳಿದಳು.

ಅಜ್ಜ ಅವಳ ಬರಿಗಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಅಂಗಾಲಿನ ಧೂಳು ಒರೆಸಿದರು.

"ಇಷ್ಟು" ಎಂದರು. "ಸರಿಯಾಗಿ ಇಷ್ಟು."

ಅಜ್ಜನ ಕಣ್ಣು ತುಂಬಿತ್ತು. ಆದರೂ ಮುಖದಲ್ಲಿ ನಗುವಿತ್ತು, ದೂರದ ನೆಂಟರಿಂದ ಬಹಳ ವರ್ಷದ ಮೇಲೆ ಸುದ್ದಿ ಬಂದಾಗ ಇರುತ್ತದಲ್ಲ, ಹಾಗೆ.

ಆ ಸಂಜೆ ವಿಗಾತಿಯ ಇಟ್ಟಿಗೆ ಮನೆಯ ಮೆಟ್ಟಿಲ ಪಕ್ಕ ಕೂತಿತು. ಸೆನೊ ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ ಅದರಲ್ಲಿ ಕಾಲಿಟ್ಟು ನೋಡುತ್ತಿದ್ದ. ಕಪಾಟಿನ ನಡುವಿನ ಜಾಗ ಖಾಲಿಯೇ ಇತ್ತು. ಅಲ್ಲಿ ಪುಸ್ತಕ ಇಡು ಎಂದು ಅಜ್ಜ ಮತ್ತೆ ಹೇಳಲಿಲ್ಲ, ವಿಗಾತಿ ಕೇಳಲೂ ಇಲ್ಲ.

ಮರುದಿನ ಸೋಮವಾರ. ಸ್ಕೂಲಿನಲ್ಲಿ ಬಾವುಟ ಏರಿಸುವ ದಿನ, ಬಿಳಿ ಶರ್ಟು. ತಡವಾಗಿತ್ತು. ಸೆನೊ ಮುಂದೆ ಓಡುತ್ತಾ, "ಬಾರೇ ಬೇಗ! ಟೀಚರ್ ಗೇಟ್ ಹಾಕಿಬಿಡ್ತಾರೆ!" ಎಂದು ಕಿರುಚುತ್ತಿದ್ದ.

ಹಳೆಯ ಮನೆಗಳ ಹತ್ತಿರ ಬಂದಾಗ ವಿಗಾತಿಯ ನಡಿಗೆ ನಿಧಾನವಾಯಿತು. ಗಾರೆ ಉದುರಿದ ಕಡೆ ಗೋಡೆಯ ಒಳಗಿನ ಕೆಂಪು ಕಾಣುತ್ತಿತ್ತು. ಅವಳು ಅದರ ಮೇಲೆ ಅಂಗೈ ಇಟ್ಟಳು. ಬೆಳಗಿನ ಬಿಸಿಲಿಗೆ ಗೋಡೆ ಬೆಚ್ಚಗಿತ್ತು. ಅಂಗೈ ಎತ್ತದೆ ಹಾಗೇ ಸವರುತ್ತಾ ನಡೆದಳು, ಒಂದು ಮನೆ, ಇನ್ನೊಂದು ಮನೆ, ಬೀದಿಯ ಕೊನೆಯವರೆಗೂ.

"ಏನ್ ಮಾಡ್ತಿದೀಯೇ ಅಲ್ಲಿ?" ಸೆನೊ ತಿರುಗಿ ನಿಂತು ಕೇಳಿದ.

"ಸುಮ್ನೆ" ಎಂದಳು ವಿಗಾತಿ.

ಅವಳ ಅಂಗೈಯೆಲ್ಲ ಕೆಂಪಾಗಿತ್ತು. ಅದನ್ನು ಒರೆಸದೆ ಮುಷ್ಟಿ ಮುಚ್ಚಿಕೊಂಡು ಅವಳು ಸ್ಕೂಲಿನ ಕಡೆ ಓಡಿದಳು.