ಮಲಗಲಿ ಬಿಡು

ಮದುಹು ಸತ್ತದ್ದು ಯಾವಾಗ ಅಂತ ಮೇಜಿನ ಸುತ್ತ ಕೂತಿದ್ದ ಯಾರಿಗೂ ಗೊತ್ತಾಗಲಿಲ್ಲ. ಮುದುಕನಿಗೆ ನಿದ್ದೆ ಹತ್ತಿದೆ ಅಂದುಕೊಂಡಿದ್ದರು.

ಭಾನುವಾರ. ಚರ್ಚು ಮುಗಿಸಿ ಬಂದವರಿಂದ ಮಿಲೆಂಬೆಯ ಹೋಟೆಲು ತುಂಬಿ ತುಳುಕುತ್ತಿತ್ತು. ಮ್ವಾಂಝಾ ಊರಿನ ಕಿರುಂಬಾ ದಂಡೆ. ತಗಡಿನ ಮಾಡು, ಪ್ಲಾಸ್ಟಿಕ್ ಕುರ್ಚಿ, ಹಿಂದೆ ಸರೋವರ. ಮೂಲೆಯ ಮೇಜು ಮದುಹುವಿನದು. ಎಪ್ಪತ್ತನಾಲ್ಕು ವರ್ಷ. ಹಡಗಿನ ಚುಕ್ಕಾಣಿ ಹಿಡಿದೇ ತಲೆ ನರೆಸಿಕೊಂಡವನು. ಜೊತೆಗೆ ಮಗ ಬುಗುಂಬಾ, ಮಗಳು ಕಬುಲಾ, ಹಳೇ ಗೆಳೆಯ ಲುಹೆಂದೆ. ಪ್ರತಿ ಭಾನುವಾರ ಇದೇ ನಾಲ್ವರು. ಇಬ್ಬರು ಮುದುಕರಿಗೆ ಒಂದೊಂದು ಬಟ್ಟಲು ಮೀನಿನ ಸಾರು. ಆಮೇಲೆ ಎಲ್ಲರಿಗೂ ಸೇರಿ ಒಂದೇ ತಟ್ಟೆಯಲ್ಲಿ ದೊಡ್ಡ ಕರಿದ ಮೀನು, ಗುಡ್ಡದಷ್ಟು ಉಗಾಲಿ ಮುದ್ದೆ.

ಎರಡು ಗಂಟೆಗೆ ಮದುಹುವಿನ ಗದ್ದ ಎದೆಗೆ ತಾಗಿತು. ಬುಗುಂಬಾ ಫೋಟೊ ತೆಗೆದ. 'ಕ್ಯಾಪ್ಟನ್ ಲಂಗರು ಹಾಕಿದ್ದಾರೆ' ಅಂತ ಬರೆದು ನೆಂಟರ ಗುಂಪಿಗೆ ಕಳಿಸಿದ. ಎಲ್ಲರೂ ನಕ್ಕರು.

ನಾಲ್ಕು ಗಂಟೆಗೆ ಮಿಲೆಂಬೆ ಮೇಜು ಒರೆಸಲು ಬಂದಳು.

"ಅಣ್ಣಾ, ಸ್ವಲ್ಪ ಕೈ ತೆಗೀರಿ."

ತೆಗೆಯಲಿಲ್ಲ. ಅವಳೇ ಎತ್ತಿದಳು. ಕೈ ತಣ್ಣಗಿತ್ತು.

* * *

ಇನ್‌ಸ್ಪೆಕ್ಟರ್ ಶಿದಾಗೆ ಫೋನು ಬಂದಾಗ ಅವಳ ಮುಂದೆ ಸುಟ್ಟ ಕೋಳಿ ಆಗತಾನೆ ಬಂದಿತ್ತು. ಆರು ವಾರದಲ್ಲಿ ಸಿಕ್ಕ ಮೊದಲ ರಜೆ. ಗಂಡ, ಇಬ್ಬರು ಮಕ್ಕಳು, ನಾದಿನಿ, ಎಲ್ಲರೂ ಒಟ್ಟಿಗೆ ಹೊರಗೆ ಬಂದಿದ್ದರು.

"ಹೋಗು ಹೋಗು," ಗಂಡ ಅಂದ. "ನಿನ್ನ ಕಾಲು ನಾನೇ ತಿಂತೀನಿ." ತಟ್ಟೆಯಲ್ಲಿದ್ದ ಕೋಳಿ ಕಾಲಿನ ಮಾತು.

ಅವಳು ಎದ್ದಳು. ಪಾದ ಊದಿದ್ದವು. ಮ್ವಾಂಝಾಕ್ಕೆ ವರ್ಗವಾಗಿ ಬಂದು ಹನ್ನೊಂದು ವರ್ಷ. ಅವಳ ಹೆಸರಿನ ಅರ್ಥವೇ ತೊಂದರೆ. ಅಮ್ಮ ಕಷ್ಟಕಾಲದಲ್ಲಿ ಹೆತ್ತು ಇಟ್ಟ ಹೆಸರು. ಠಾಣೆಯಲ್ಲಿ ಅವಳು ಒಳಗೆ ಬಂದರೆ "ತೊಂದರೆ ಬಂತು" ಅಂತ ನಗುತ್ತಿದ್ದರು. ಈಗ ಆ ತಮಾಷೆಯೂ ಹಳಸಿಹೋಗಿತ್ತು.

ಹೋಟೆಲಿನ ಬಾಗಿಲಿಗೆ ಆಗಲೇ ನಗರಸಭೆಯವರು ಸೀಲು ಹಚ್ಚಿದ್ದರು. ಮಿಲೆಂಬೆ ಹೊರಗೆ ಬಕೆಟ್ಟಿನ ಮೇಲೆ ಕೂತಿದ್ದಳು. ಪೊಲೀಸ್ ಅಧಿಕಾರಿಯನ್ನು ಅಲ್ಲಿ 'ಅಫಾಂದೆ' ಅಂತಲೇ ಕರೆಯುವುದು.

"ಅಫಾಂದೆ, ನನ್ನ ಮೀನಿನಲ್ಲಿ ವಿಷ ಅಂತಾರೆ. ಇಪ್ಪತ್ತು ವರ್ಷದಿಂದ ಬಡಿಸ್ತಿದೀನಿ. ಒಂದು ದಿನ ಒಬ್ಬರಿಗೆ ಹೊಟ್ಟೆ ನೋವು ಬಂದಿಲ್ಲ."

"ಅದೇ ಮೀನು ಮಿಕ್ಕವರೂ ತಿಂದ್ರಾ?"

"ಒಂದೇ ತಟ್ಟೆ. ನಾಲ್ಕು ಕೈ."

"ಅಜ್ಜ ಒಬ್ಬನೇ ತಿಂದದ್ದು, ಕುಡಿದದ್ದು ಏನು?"

"ಶುಂಠಿ ಸೋಡಾ. ಬಾಟಲಿ ಅವರ ಕಣ್ಣೆದುರೇ ಬಿಚ್ಚಿದ್ದು. ಮತ್ತೆ ಸಾರು. ಒಂದೇ ಪಾತ್ರೆಯಿಂದ ಇಡೀ ಹೋಟೆಲಿಗೆ ಬಡಿಸಿದ ಸಾರು."

"ಬಡಿಸಿದ ಮೇಲೆ ಆ ಬಟ್ಟಲು ಯಾರಾದರೂ ಮುಟ್ಟಿದ್ರಾ?"

"ಯಾರೂ ಇಲ್ಲ."

"ಬೇರೆ ಏನಾದರೂ ವಿಶೇಷ?"

"ಏನಿಲ್ಲ. ಲುಹೆಂದೆ ಅಣ್ಣ ಎಲೆ ಕೋಸು ಸೇರ್ತಿಲ್ಲ ಅಂತ ಬಿಟ್ರು. ಗೋಡೆ ಗಡಿಯಾರ ಸರಿ ಇದೆಯಾ ಅಂತ ಮೂರು ಸಲ ಕೇಳಿದ್ರು. ಅಷ್ಟೇ." ಅವಳು ಮೂಗು ಒರೆಸಿಕೊಂಡಳು. "ಬಾಗಿಲು ಯಾವಾಗ ತೆಗಿತಾರೆ? ಮೀನೆಲ್ಲ ಕೊಳೆಯುತ್ತೆ."

"ಗೊತ್ತಿಲ್ಲ ಅಕ್ಕಾ," ಶಿದಾ ಅಂದಳು. ನಿಜವಾಗಿಯೂ ಗೊತ್ತಿರಲಿಲ್ಲ.

* * *

ಮಂಗಳವಾರ ಆಸ್ಪತ್ರೆಯ ವರದಿ ಬಂತು. ಮೀನಿನಲ್ಲಿ ದೋಷವಿಲ್ಲ. ಹೊಟ್ಟೆಯಲ್ಲಿ ನಿದ್ದೆ ಮಾತ್ರೆ.

"ಗಟ್ಟಿ ಆಳಾಗಿದ್ದರೆ ಮಾರನೇ ದಿನ ತಲೆ ಹಿಡ್ಕೊಂಡು ಎದ್ದಿರೋನು," ಡಾಕ್ಟರು ಅಂದರು. "ಈತನ ಶ್ವಾಸಕೋಶ ಮೊದಲೇ ಹಾಳಾಗಿತ್ತು. ಉಸಿರು ಹಾಗೇ ನಿಂತುಹೋಗಿದೆ."

ಕಬುಲಾ ಕೆಲಸ ಮಾಡುವುದು ಔಷಧಿ ಅಂಗಡಿಯಲ್ಲಿ. ಶಿದಾ ನೇರ ಅಲ್ಲಿಗೇ ಹೋದಳು. ಕಬುಲಾ ಗಲ್ಲಾದ ಹಿಂದೆ ನಿಂತೇ ಇದ್ದಳು. ಅಪ್ಪ ಸತ್ತ ಮೂರನೇ ದಿನವೂ ಅಂಗಡಿಗೆ ಬಂದಿದ್ದಳು.

"ಮನೇಲಿ ಕೂತರೆ ಅಳು ಬರುತ್ತೆ," ಅಂದಳು. "ಕೇಳಿ ಅಫಾಂದೆ. ಮಾತ್ರೆ ಇಲ್ಲಿವೆ. ನಾನು ಮಗಳು. ಎಲ್ಲರೂ ನನ್ನನ್ನೇ ನೋಡ್ತಿದಾರೆ."

"ಈ ಮಾತ್ರೆ ಯಾರು ಯಾರು ತಗೋತಾರೆ?"

"ಊರಲ್ಲಿ ಅರ್ಧ ಜನಕ್ಕೆ ನಿದ್ದೆ ಇಲ್ಲ."

"ಅಪ್ಪ ನಿದ್ದೆ ಹೋದಾಗ ಎಬ್ಬಿಸಲಿಲ್ವಾ?"

"ಮೂರು ಗಂಟೆಗೆ ಎಬ್ಬಿಸೋಕೆ ಹೋದೆ." ಅವಳು ಗಲ್ಲಾದ ಖಾನೆ ತೆಗೆದು ಮತ್ತೆ ಮುಚ್ಚಿದಳು. "ಲುಹೆಂದೆ ಚಿಕ್ಕಪ್ಪ, 'ಮಲಗಲಿ ಬಿಡು ಮಗಳೇ, ಇವತ್ತಿನ ಹಡಗು ತಪ್ಪಿದರೆ ಮಂಗಳವಾರ ಇನ್ನೊಂದಿದೆ' ಅಂದ್ರು. ಎಲ್ಲರೂ ನಕ್ವಿ. ಅಪ್ಪನಿಗೆ ಹಡಗಿನ ತಮಾಷೆ ಮಾಡೋದು ನಮ್ಮಲ್ಲಿ ಮಾಮೂಲು. ಅಪ್ಪ ಆಗ ಬದುಕಿದ್ರು ಅಫಾಂದೆ. ಗೊರಕೆ ಕೇಳಿಸ್ತಿತ್ತು."

"ಅಪ್ಪನ ಮೇಲೆ ಯಾರಿಗಾದರೂ ಸಿಟ್ಟಿತ್ತಾ?"

ಕಬುಲಾ ತಡೆದು ಹೇಳಿದಳು. "ಅಣ್ಣನಿಗೆ."

* * *

ಬುಗುಂಬಾ ಲಾರಿ ಗ್ಯಾರೇಜಿನಲ್ಲಿ ಸಿಕ್ಕ. ಸ್ಪ್ಯಾನರ್ ಕೆಳಗಿಡಲಿಲ್ಲ.

"ಹೌದು, ಜಗಳ ಆಡಿದ್ದೆ. ಹಿಂದಿನ ಭಾನುವಾರ, ಅದೇ ಮೇಜಲ್ಲಿ, ಎಲ್ಲರ ಮುಂದೆ. ಅಪ್ಪ ಸರೋವರದ ಆಚೆ ಬುಕೋಬಾದ ಒಬ್ಬ ವಿಧವೆಯನ್ನು ಮದುವೆ ಆಗ್ತೀನಿ ಅಂದ. ಈ ವಯಸ್ಸಲ್ಲಿ! ನನ್ನ ಹೆಣ ದಾಟಿಕೊಂಡು ಹೋಗು ಅಂದೆ."

"ಅವನೇನಂದ?"

"ಮೀನಿನ ತಲೆ ಚೀಪ್ತಾ ಕೂತ. ಈ ವಾರ ಆ ಮಾತೇ ಎತ್ತಲಿಲ್ಲ. ಮನಸ್ಸು ಬದಲಾಯಿಸಿದ ಅಂತ ನನಗೆ ಖುಷಿಯಾಗಿತ್ತು. ಸೋಡಾ ನಾನೇ ಕೊಡಿಸಿದೆ." ಬುಗುಂಬಾ ಫೋನು ತೆಗೆದು ತೋರಿಸಿದ. ಬಾಯಿ ತೆರೆದು ಮಲಗಿದ್ದ ಮುದುಕನ ಫೋಟೊ. "ಅಳಿಸೋಕೆ ಕೈ ಬರ್ತಿಲ್ಲ. ನೋಡೋಕೂ ಆಗ್ತಿಲ್ಲ. ಏನ್ ಮಾಡ್ಲಿ ಹೇಳಿ?"

ಶಿದಾ ಫೋಟೊವನ್ನೇ ನೋಡಿದಳು. ಮದುಹುವಿನ ಪಕ್ಕದಲ್ಲಿ ಲುಹೆಂದೆ. ಅವನ ಕಣ್ಣು ಗೆಳೆಯನ ಮೇಲಿರಲಿಲ್ಲ. ಗೋಡೆ ಗಡಿಯಾರದ ಮೇಲಿತ್ತು.

* * *

ಠಾಣೆಯಲ್ಲಿ ಎರಡು ವಿಷಯ ಕಾದಿದ್ದವು.

ಒಂದು, ಆಸ್ಪತ್ರೆಯವರು ಕಳಿಸಿದ ಬಟ್ಟೆಯ ಗಂಟು. ಕೋಟಿನ ಒಳಜೇಬಿನಲ್ಲಿ ಹಡಗಿನ ಟಿಕೆಟ್. ಬುಕೋಬಾಕ್ಕೆ, ಭಾನುವಾರ ಸಂಜೆ ಐದಕ್ಕೆ. ಹೋಗಲು ಮಾತ್ರ, ಬರಲು ಇಲ್ಲ.

ಇನ್ನೊಂದು, ಮದುಹುವಿನ ಫೋನಿಗೆ ಪದೇ ಪದೇ ಬರುತ್ತಿದ್ದ ಒಂದು ಕರೆ. ಶಿದಾ ಎತ್ತಿದಳು.

"ಎಲ್ಲಿದೀರಿ ನೀವು?" ಹೆಂಗಸಿನ ದನಿ, ಸುಸ್ತಾದ ದನಿ. "ಸೋಮವಾರ ಬೆಳಿಗ್ಗೆಯಿಂದ ದಕ್ಕೆಯಲ್ಲಿ ಕಾದೆ. ಕೊನೆಯವರು ಇಳಿಯೋವರೆಗೂ ನಿಂತಿದ್ದೆ. ಮನಸ್ಸಿಲ್ಲದಿದ್ದರೆ ಹೇಳಿಬಿಡಿ. ನಾನೇನೂ ಹುಡುಗಿ ಅಲ್ಲ, ಸಹಿಸ್ಕೋತೀನಿ."

ಅದು ಕೋಕು, ಆ ವಿಧವೆ. ಶಿದಾ ವಿಷಯ ಹೇಳಿದಳು. ಆ ಕಡೆ ಕುರ್ಚಿ ಎಳೆದು ಕೂತ ಸದ್ದು ಕೇಳಿಸಿತು.

"ಭಾನುವಾರ ಹೊರಡ್ತಾರೆ ಅಂತ ಮಕ್ಕಳಿಗೆ ಗೊತ್ತಿತ್ತಾ ಅಮ್ಮಾ?"

"ಇಲ್ಲ. ಗುಟ್ಟಾಗಿ ಬರ್ತೀನಿ ಅಂದಿದ್ರು. ಹಡಗು ಬಿಟ್ಟ ಮೇಲೆ ಮಕ್ಕಳಿಗೆ ತಿಳಿಸೋಕೆ ಒಬ್ಬರಿಗೆ ಹೇಳಿದೀನಿ ಅಂದ್ರು. ಯಾರು ಅಂತ ನಾನು ಕೇಳಲಿಲ್ಲ."

* * *

ಬುಧವಾರ ಶಿದಾ ಲುಹೆಂದೆಯ ಮನೆಗೆ ಹೋದಳು. ಒಂದೇ ಕೋಣೆ. ಒಂದು ಮಂಚ, ಒಂದು ತಟ್ಟೆ, ಒಂದು ಲೋಟ. ಹೆಂಡತಿ ಹೋಗಿ ನಾಲ್ಕು ವರ್ಷ. ಮಕ್ಕಳಿಲ್ಲ. ಅವನ ಕಣ್ಣು ಕೆಂಡದಂತಿದ್ದವು.

"ಭಾನುವಾರದಿಂದ ಕಣ್ಣು ಮುಚ್ಚಿಲ್ಲ ಮಗಳೇ."

ಕಿಟಕಿಯ ಮೇಲೆ ಔಷಧಿ ಅಂಗಡಿಯ ಕಾಗದದ ಚೀಲವಿತ್ತು. ಬಾಯಿ ತೆರೆದಿತ್ತು. ಒಳಗೆ ಏನೂ ಇರಲಿಲ್ಲ.

"ಮದುಹು ಆ ಸಂಜೆಯೇ ಬುಕೋಬಾಕ್ಕೆ ಹೊರಟಿದ್ದ. ಗೊತ್ತಿತ್ತಾ ಅಜ್ಜಾ?"

"ಮದುವೆ ಮಾತು ಗೊತ್ತಿತ್ತು. ಹೊರಡೋದು ಗೊತ್ತಿರಲಿಲ್ಲ." ಅವನು ಮುಖ ತಿರುಗಿಸಿದ. "ನನಗೂ ಹೇಳಲಿಲ್ಲ ಅವನು."

ಶಿದಾ ಸುಮ್ಮನೆ ಎದ್ದಳು. ಉತ್ತರ ಅವಳಿಗೆ ಸಿಕ್ಕಿತ್ತು. ಸಿಕ್ಕಿದ್ದು ಹಿತವಾಗಿರಲಿಲ್ಲ. ದಾರಿಯಲ್ಲಿ ಕಬುಲಾಗೆ ಫೋನು ಮಾಡಿ ಒಂದೇ ಒಂದು ಪ್ರಶ್ನೆ ಕೇಳಿದಳು. ಆಮೇಲೆ ಮಿಲೆಂಬೆಗೆ ಇನ್ನೊಂದು.

* * *

ಗುರುವಾರ ಹನ್ನೊಂದು ಗಂಟೆಗೆ ಶಿದಾ ಹೋಟೆಲಿನ ಸೀಲು ತೆಗೆಸಿದಳು. ಮೂಲೆಯ ಮೇಜಿನ ಸುತ್ತ ಬುಗುಂಬಾ, ಕಬುಲಾ, ಲುಹೆಂದೆ ಕೂತರು. ನಾಲ್ಕನೇ ಕುರ್ಚಿಯಲ್ಲಿ ಶಿದಾ. ಮಿಲೆಂಬೆ ಗೋಡೆಗೆ ಒರಗಿ ನಿಂತಳು.

"ಕೊಲ್ಲಬೇಕು ಅಂತಿದ್ದವರು ಇಷ್ಟು ಜನರ ಮಧ್ಯೆ, ಮಧ್ಯಾಹ್ನ, ನಿದ್ದೆ ಮಾತ್ರೆ ಕೊಡಲ್ಲ," ಶಿದಾ ಶುರುಮಾಡಿದಳು. ದನಿಯಲ್ಲಿ ಹುರುಪಿರಲಿಲ್ಲ. "ಕೊಟ್ಟವರಿಗೆ ಬೇಕಿದ್ದದ್ದು ಸಾವಲ್ಲ, ನಿದ್ದೆ. ಐದು ಗಂಟೆವರೆಗಿನ ನಿದ್ದೆ. ಐದಕ್ಕೆ ಹಡಗು ಹೊರಡುತ್ತೆ."

"ಯಾವ ಹಡಗು?" ಬುಗುಂಬಾ ಕೇಳಿದ.

ಶಿದಾ ಟಿಕೆಟ್ ಮೇಜಿನ ಮೇಲಿಟ್ಟಳು. ಅಣ್ಣ ತಂಗಿ ಇಬ್ಬರೂ ಓದಿದರು. ಕಬುಲಾ ಬಾಯಿಗೆ ಕೈ ಹಿಡಿದಳು.

"ನೋಡಿ, ನಿಮಗೆ ಗೊತ್ತಿರಲಿಲ್ಲ. ಮಿಲೆಂಬೆಗೂ ಗೊತ್ತಿರಲಿಲ್ಲ. ಗೊತ್ತಿಲ್ಲದವರು ತಡೆಯೋಕಾಗಲ್ಲ. ಮೂರು ಗಂಟೆಗೆ ಕಬುಲಾ ಎಬ್ಬಿಸೋಕೆ ಹೋದಾಗ ಒಬ್ಬರು, ಇವತ್ತಿನ ಹಡಗು ತಪ್ಪಿದರೆ ಮಂಗಳವಾರ ಇನ್ನೊಂದಿದೆ ಅಂದ್ರು. ನೀವೆಲ್ಲ ತಮಾಷೆ ಅಂದ್ಕೊಂಡ್ರಿ. ಬುಕೋಬಾ ಹಡಗು ಭಾನುವಾರ ಬಿಟ್ಟರೆ ಮಂಗಳವಾರವೇ. ಅದು ತಮಾಷೆ ಆಗಿರಲಿಲ್ಲ."

ಯಾರೂ ಲುಹೆಂದೆಯ ಕಡೆ ನೋಡಲಿಲ್ಲ. ನೋಡಲು ಯಾರಿಗೂ ಧೈರ್ಯವಿರಲಿಲ್ಲ.

"ಅಕ್ಕಾ," ಶಿದಾ ಮಿಲೆಂಬೆಯನ್ನು ಕರೆದಳು. "ಬಟ್ಟಲು ಯಾರೂ ಮುಟ್ಟಲಿಲ್ಲ ಅಂತ ನೀನು ಅಂದಿದ್ದೆ. ನಿನ್ನೆ ಫೋನಲ್ಲಿ ಏನು ಹೇಳ್ದೆ?"

"ಮದುಹು ಅಣ್ಣನ ಕೈ ನಡುಗುತ್ತಲ್ಲ..." ಮಿಲೆಂಬೆ ತಡವರಿಸಿದಳು. "ಅದಕ್ಕೆ ಸಾರಿಗೆ ನಿಂಬೆ ಹಿಂಡಿ, ಮೆಣಸಿನಕಾಯಿ ನುರಿದು, ಕದಡಿ ಕೊಡೋದು ಯಾವಾಗಲೂ ಲುಹೆಂದೆ ಅಣ್ಣನೇ. ಮೀನಿನ ಮುಳ್ಳು ತೆಗೆಯೋದೂ ಅವರೇ. ಅದನ್ನ ಮುಟ್ಟೋದು ಅಂತಾರಾ? ಅದು ದಿನಾ... ಪ್ರತಿ ವಾರ..."

"ಪ್ರತಿ ವಾರ ನಡೆಯೋದು ಕಣ್ಣಿಗೆ ಬೀಳಲ್ಲ. ನಾನೂ ಮೊದಲು ಸರಿಯಾಗಿ ಕೇಳಲಿಲ್ಲ. ಖಾರ, ಹುಳಿ ಸೇರಿದರೆ ಮಾತ್ರೆಯ ಕಹಿ ಗೊತ್ತಾಗಲ್ಲ. ಕಬುಲಾ, ನಿನ್ನೆ ನಾನು ಕೇಳಿದ್ದು?"

ಕಬುಲಾ ತಲೆ ತಗ್ಗಿಸಿಯೇ ಹೇಳಿದಳು. "ಚಿಕ್ಕಪ್ಪನಿಗೆ ಈ ತಿಂಗಳ ಮಾತ್ರೆ ನಾನೇ ಕೊಟ್ಟೆ. ಇನ್ನೂ ಉಳಿದಿರಬೇಕಿತ್ತು."

"ಉಳಿದಿಲ್ಲ. ಚೀಲ ಖಾಲಿ. ಅದಕ್ಕೇ ಅಜ್ಜ ಭಾನುವಾರದಿಂದ ಕಣ್ಣು ಮುಚ್ಚಿಲ್ಲ."

ಸರೋವರದ ಗಾಳಿಗೆ ತಗಡು ಸದ್ದು ಮಾಡಿತು. ಲುಹೆಂದೆ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟ. ಮೀನಿನ ಮುಳ್ಳು ತೆಗೆದು ತೆಗೆದು ಒರಟಾದ ಬೆರಳುಗಳು.

"ಶನಿವಾರ ಮನೆಗೆ ಬಂದಿದ್ದ," ಅಂದ. "ಲುಹೆಂದೆ, ಇನ್ನು ನಾನು ಅಲ್ಲೇ ಇರೋದು, ಹಡಗು ಬಿಟ್ಟ ಮೇಲೆ ಮಕ್ಕಳಿಗೆ ನೀನೇ ಹೇಳು ಅಂದ. ಖುಷೀಲಿದ್ದ. ಹೊಸ ಅಂಗಿ ತೋರಿಸ್ದ. ನಾನು, ಹಾಗಾದ್ರೆ ಭಾನುವಾರ? ಅಂದೆ. ಅವನಿಗೆ ಅರ್ಥವೇ ಆಗಲಿಲ್ಲ. ಯಾವ ಭಾನುವಾರ? ಅಂದ."

ಬುಗುಂಬಾ ಕೈ ಎತ್ತಿ ದಡಕ್ಕನೆ ಎದ್ದ. ಕುರ್ಚಿ ಉರುಳಿತು. ಕಬುಲಾ ಅವನ ತೋಳು ಹಿಡಿದಳು.

"ಮೂವತ್ತೊಂದು ವರ್ಷ ಮಗನೇ," ಲುಹೆಂದೆ ಅವನಿಗೇ ಹೇಳಿದ. "ಮೊದಲು ನಿಮ್ಮಮ್ಮ ಇದ್ಲು, ನನ್ನವಳಿದ್ಲು. ಮೇಜಿಗೆ ಮೇಜು ಕೂಡಿಸಿ ಕೂರ್ತಿದ್ವಿ. ಒಬ್ಬೊಬ್ಬರೇ ಹೋದರು. ಉಳಿದ ದಿನ ನಾನು ಏನು ತಿಂತೀನಿ ಅಂತ ನನಗೇ ನೆನಪಿರಲ್ಲ. ಭಾನುವಾರ ಒಂದಿತ್ತು. ಅವನು ಹೋದರೆ ನೀವಿಬ್ಬರು ನನ್ನನ್ನ ಕರೀತಿದ್ರಾ?"

ಬುಗುಂಬಾ ತಂಗಿಯ ಮುಖ ನೋಡಿದ.

"ಒಂದು ಹಡಗು ತಪ್ಪಲಿ ಅಂದ್ಕೊಂಡೆ. ಮಂಗಳವಾರದೊಳಗೆ ಹೇಗಾದರೂ ಮಾಡಿ ಮನಸ್ಸು ತಿರುಗಿಸೋಣ ಅಂತ. ನನಗೆ ಒಂದು ಮಾತ್ರೆಗೆ ನಿದ್ದೇನೇ ಬರಲ್ಲ. ಅವನು ನನಗಿಂತ ದೊಡ್ಡ ಆಳು. ಇದ್ದದ್ದೆಲ್ಲ ಹಾಕಿದೆ." ಅವನ ಧ್ವನಿ ತಗ್ಗಿತು. "ಮೂರೂವರೆಗೆ ಗೊರಕೆ ನಿಂತಿತು. ಒಳ್ಳೆ ನಿದ್ದೆ ಹತ್ತಿತು ಅಂದ್ಕೊಂಡೆ. ಬಿಸಿಲು ಬೀಳುತ್ತೆ ಅಂತ ಮುಖದ ಮೇಲೆ ಟೋಪಿ ಹಿಡ್ಕೊಂಡು ಕೂತೆ."

ಕಬುಲಾ ಅಳತೊಡಗಿದಳು. ಬುಗುಂಬಾ ಸರೋವರದ ಕಡೆ ತಿರುಗಿ ನಿಂತ. ಹೊಡೆಯಲು ಎತ್ತಿದ್ದ ಕೈಯನ್ನು ಏನು ಮಾಡಬೇಕೋ ಅವನಿಗೆ ತಿಳಿಯಲಿಲ್ಲ.

* * *

ಜೀಪಿನವರೆಗೆ ಶಿದಾಳೇ ಅವನನ್ನು ನಡೆಸಿಕೊಂಡು ಹೋದಳು. ಕೋಳ ಹಾಕಲಿಲ್ಲ. ಹಿಂದೆ ಮಿಲೆಂಬೆ ಒಲೆಗೆ ಇದ್ದಲು ಸುರಿಯುವ ಸದ್ದು ಕೇಳಿಸಿತು. ಆಗಲೇ ಇಬ್ಬರು ಗಿರಾಕಿಗಳು ಬಾಗಿಲಲ್ಲಿ ಇಣುಕುತ್ತಿದ್ದರು.

ಇಂಥ ಕೇಸು ಮುಗಿದ ದಿನ ಶಿದಾಗೆ ಗೆದ್ದ ಹಾಗೆ ಅನಿಸುತ್ತಿರಲಿಲ್ಲ. ಮನೆಗೆ ಹೋಗಿ ಕಾಲು ಚಾಚಿ ಮಲಗಬೇಕು ಅನಿಸುತ್ತಿತ್ತು, ಅಷ್ಟೆ.

ಲುಹೆಂದೆ ಜೀಪಿನ ಮೆಟ್ಟಿಲ ಮೇಲೆ ಕಾಲಿಟ್ಟು ನಿಂತ.

"ಒಂದು ಮಾತು ಕೇಳ್ಲಾ ಮಗಳೇ?"

"ಕೇಳಿ ಅಜ್ಜಾ."

"ಜೈಲಲ್ಲಿ ಊಟಕ್ಕೆ ಎಲ್ಲರೂ ಒಟ್ಟಿಗೇ ಕೂರ್ತಾರಾ?"

ಶಿದಾ ಅವನ ಮುಖ ನೋಡಿದಳು. ಅವನು ನಿಜವಾಗಿಯೇ ಕೇಳಿದ್ದ.

"ಕೂರ್ತಾರೆ," ಅಂದಳು.

ಅವನು ತಲೆಯಾಡಿಸಿ, ಯಾರ ಆಸರೆಯೂ ಇಲ್ಲದೆ ಜೀಪು ಹತ್ತಿದ.